ಊದಿದ ಲೆಕ್ಕ, ಊದಿಕೊಂಡ ಲೆಕ್ಕ

"ಒಲೆ ಊದಿದ ಹಾಗೆ ಊದಿ ಅಮ್ಮಾ" ಅಂದಿದ್ದೆ. ಉಸಿರಿನ ಪರೀಕ್ಷೆಗೆ ಬಂದಿದ್ದ ಅವರು ಹಾಗೇ ಮಾಡಿದರು. ಪುಸ್ ಪುಸ್ ಅಂತ ಮೂರು ಸಲ ಚಿಕ್ಕದಾಗಿ ಊದಿ ನಿಲ್ಲಿಸಿದರು. ಊದುಗೊಳವೆ ಹಿಡಿದು ಒಲೆ ಊದುವುದು ಹಾಗೇ ಅಲ್ವಾ? ಬೆಂಕಿ ಹತ್ತಿದರೆ ಸಾಕು. ಆದರೆ ಉಸಿರು ಅಳೆಯುವ ಯಂತ್ರ ಸ್ಪೈರೋಮೀಟರ್‌ಗೆ ಬೇಕಾದದ್ದು ಬೇರೆ. ಎದೆ ತುಂಬ ಉಸಿರು ಎಳೆದುಕೊಂಡು, ಒಂದೇ ಸಲ ಜೋರಾಗಿ ಬಿಟ್ಟು, ಒಳಗೆ ಏನೂ ಉಳಿಯದಷ್ಟು ಊದುತ್ತಲೇ ಇರಬೇಕು. ತಪ್ಪು ಅವರದಲ್ಲ. ನಾನು ಕೊಟ್ಟ ಹೋಲಿಕೆ ತಪ್ಪಾಗಿತ್ತು.

ನಾನು ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್. ಹೊಸ ಔಷಧಿಯ ಪರೀಕ್ಷೆಗೆ ಬಂದವರ ಜೊತೆ ಕೂತು ವಿವರಿಸುವುದು, ಉಸಿರು ಅಳೆಯುವುದು, ಡೈರಿ ನೋಡುವುದು, ಉಳಿದ ಮಾತ್ರೆ ಎಣಿಸುವುದು, ಫೋನ್ ಮಾಡುವುದು ನನ್ನ ಕೆಲಸ. ಮೊದಲು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯ ಅಧ್ಯಯನದಲ್ಲಿದ್ದೆ. ಆಮೇಲೆ ಹಿಮೋಫಿಲಿಯಾ, ಅಂದರೆ ಕುಸುಮ ರೋಗದ ಅಧ್ಯಯನಕ್ಕೆ ಬಂದೆ.

ಮೊದಲನೆಯದಕ್ಕೆ ಡಾಕ್ಟರುಗಳು ಐಪಿಎಫ್ ಅನ್ನುತ್ತಾರೆ. ಕಾರಣ ಗೊತ್ತಾಗದೆ ಶ್ವಾಸಕೋಶದಲ್ಲಿ ಕಲೆ ಕಟ್ಟುತ್ತಾ ಹೋಗುವ ಕಾಯಿಲೆ. ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಬಿಗಿಯುತ್ತದಲ್ಲ, ಒಳಗೆ ಹಾಗೇ ಆಗುತ್ತದೆ. ಒಣಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಳೇ ಸೈಕಲ್ ಟ್ಯೂಬ್ ಬಿಸಿಲಿಗೆ ಒಣಗಿ ಗಟ್ಟಿಯಾದರೆ ಗಾಳಿ ಹಿಡಿಯುತ್ತಾ ಅಂತ ಕೇಳುತ್ತೇನೆ. ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಔಷಧಿ ಎರಡು, ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್. ಅಮೆರಿಕದಲ್ಲಿ ಎರಡಕ್ಕೂ 2014ರ ಅಕ್ಟೋಬರ್‌ನಲ್ಲಿ ಒಂದೇ ದಿನ ಒಪ್ಪಿಗೆ ಸಿಕ್ಕಿತು. ಇವು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಅದರ ಓಟವನ್ನು ನಿಧಾನ ಮಾಡುತ್ತವೆ. ಎಷ್ಟು ನಿಧಾನ? ನಿಂಟೆಡಾನಿಬ್‌ನ ಮುಖ್ಯ ಅಧ್ಯಯನಗಳಲ್ಲಿ ಒಂದನ್ನು ನೋಡಿ. ಔಷಧಿ ಸಿಗದವರ ಉಸಿರಿನ ಅಳತೆ ವರ್ಷಕ್ಕೆ ಸುಮಾರು 240 ಮಿಲಿಲೀಟರ್ ಕುಸಿಯಿತು. ಔಷಧಿ ತೆಗೆದುಕೊಂಡವರದು ಸುಮಾರು 115. ನಡುವಿನ ವ್ಯತ್ಯಾಸ 125 ಮಿಲಿಲೀಟರ್. ಒಂದು ಲೋಟ ಟೀ ಕೂಡ ಅಲ್ಲ.

ಈಗ ಒಲೆ ಊದಿದ ಅಮ್ಮನನ್ನು ನೆನಪಿಸಿಕೊಳ್ಳಿ. ಅರೆಬರೆ ಊದಿದರೆ ಇನ್ನೂರು ಮಿಲಿಲೀಟರ್ ಅಲ್ಲೇ ಹೋಗುತ್ತದೆ. ಔಷಧಿಯ ಇಡೀ ವರ್ಷದ ಫಲಕ್ಕಿಂತ ನನ್ನ ಒಂದು ನಿಮಿಷದ ತಪ್ಪು ದೊಡ್ಡದು. ಇದು ಅರ್ಥವಾದ ದಿನ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಬೆಳಿಗ್ಗೆ ಮೂರು ಲೀಟರಿನ ಸಿರಿಂಜ್‌ನಿಂದ ಯಂತ್ರ ಸರಿ ಇದೆಯಾ ನೋಡದೆ ಯಾರನ್ನೂ ಕೂರಿಸುವುದಿಲ್ಲ. ಹಿಂದಿನ ಸಲ ಬೆಳಿಗ್ಗೆ ಬಂದಿದ್ದರೆ ಈ ಸಲವೂ ಬೆಳಿಗ್ಗೆಯೇ ಬರಲು ಹೇಳುತ್ತೇನೆ. ಹೊಟ್ಟೆ ಬಿರಿಯುವಷ್ಟು ಊಟ ಮಾಡಿ ಬಂದರೆ ಕಾಯಿಸುತ್ತೇನೆ. ಹಲ್ಲಿನ ಸೆಟ್ ಗಟ್ಟಿಯಾಗಿ ಕೂತಿದ್ದರೆ ತೆಗೆಸುವುದಿಲ್ಲ, ತೆಗೆದರೆ ತುಟಿ ಪಕ್ಕದಿಂದ ಗಾಳಿ ಸೋರುತ್ತದೆ. ಮೊದಲು ನಾನೇ ಅವರೆದುರು ಊದಿ ತೋರಿಸುತ್ತೇನೆ. "ಪೇಸ್ಟ್ ಮುಗಿದಾಗ ಟ್ಯೂಬನ್ನು ಕೊನೆ ತನಕ ಹಿಂಡ್ತೀರಲ್ಲ, ಹಾಗೆ ನಿಮ್ಮ ಎದೆಯನ್ನ ಹಿಂಡಿ" ಅನ್ನುತ್ತೇನೆ. ಈ ಹೋಲಿಕೆ ಕೆಲಸ ಮಾಡಿತು. ಸರಿಯಾಗಿ ಊದಿದ ಮೂರು ಅಳತೆ ಬೇಕು. ಅವುಗಳಲ್ಲಿ ಅತಿ ದೊಡ್ಡ ಎರಡರ ನಡುವೆ 150 ಮಿಲಿಲೀಟರಿಗಿಂತ ಜಾಸ್ತಿ ಅಂತರ ಇರಬಾರದು. ಕೆಮ್ಮು ಶುರುವಾದರೆ ನಿಲ್ಲಿಸಿ ಬಿಸಿನೀರು ಕೊಡುತ್ತೇನೆ. ಎಂಟು ಸಲಕ್ಕಿಂತ ಜಾಸ್ತಿ ಊದಿಸುವುದಿಲ್ಲ. ಅಷ್ಟರಲ್ಲಿ ಅವರು ಸುಸ್ತಾಗಿರುತ್ತಾರೆ.

ಆ ಅಧ್ಯಯನಕ್ಕೆ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಬರುತ್ತಿದ್ದರು. ಅಜ್ಜಾ ಅಂತಲೇ ಕರೆಯುತ್ತಿದ್ದೆ. ಒಪ್ಪಿಗೆ ಪತ್ರ ಓದಿಸುವಾಗ "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಅನ್ನುವ ಸಾಲಿಗೆ ಬಂದು ನಿಂತರು. "ಇದು ಯಾವ ಊರಿನ ಕನ್ನಡ ಮಗಾ?" ಅಂದರು. ಭಾಗವಹಿಸುವವರ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿದ ಪತ್ರದಲ್ಲಿ ಒಂದು ಪದವನ್ನೂ ನಾನು ಬದಲಿಸುವಂತಿಲ್ಲ. ಬಾಯಲ್ಲಿ ಬಿಡಿಸಿ ಹೇಳಬಹುದು. "ಚೀಟಿ ಎತ್ತಿದ ಹಾಗೆ ಅಜ್ಜಾ. ಎತ್ತೋದು ಕಂಪ್ಯೂಟರ್. ಒಂದು ಚೀಟಿಯಲ್ಲಿ ಹೊಸ ಔಷಧಿ, ಇನ್ನೊಂದರಲ್ಲಿ ಔಷಧಿ ಇಲ್ಲದ ಖಾಲಿ ಮಾತ್ರೆ. ನಿಮಗೆ ಯಾವುದು ಬಂತು ಅಂತ ನನಗೂ ಗೊತ್ತಾಗಲ್ಲ, ಡಾಕ್ಟರಿಗೂ ಗೊತ್ತಾಗಲ್ಲ. ನೀವು ಈಗ ತಗೊಳ್ತಿರೋ ಮಾತ್ರೆ ಮಾತ್ರ ನಿಲ್ಲಿಸಲ್ಲ."

"ಖಾಲಿ ಮಾತ್ರೆ ಯಾಕೆ ಕೊಡ್ತೀರಿ? ಹೊಸದನ್ನೇ ಎಲ್ಲರಿಗೂ ಕೊಡಿ" ಅಂದರು. ತುಂಬ ಜನ ಇದನ್ನೇ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ನಾನು ಪ್ಯಾಂಥರ್ ಅನ್ನುವ ಅಧ್ಯಯನದ ಕಥೆ ಹೇಳಿದೆ. ಪ್ರೆಡ್ನಿಸೋನ್, ಅಜಥಿಯೋಪ್ರಿನ್, ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮೂರು ಔಷಧಿಗಳನ್ನು ಸೇರಿಸಿ ಎಷ್ಟೋ ವರ್ಷ ಐಪಿಎಫ್‌ಗೆ ಕೊಡುತ್ತಿದ್ದರು. ಒಳ್ಳೆಯದು ಅಂತಲೇ ನಂಬಿದ್ದರು. ಖಾಲಿ ಮಾತ್ರೆಯ ಜೊತೆ ಹೋಲಿಸಿ ನೋಡಿದಾಗ ಔಷಧಿ ಗುಂಪಿನಲ್ಲಿ 8 ಜನ ತೀರಿಕೊಂಡಿದ್ದರು, ಖಾಲಿ ಗುಂಪಿನಲ್ಲಿ ಒಬ್ಬರು. 2011ರಲ್ಲಿ ಆ ಚಿಕಿತ್ಸೆಯ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ವಾರ್ಫರಿನ್ ಕಥೆಯೂ ಹಾಗೇ. ಗಟ್ಟಿಯಾಗುವ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಚುರುಕಾಗಿರುತ್ತವೆ, ಹಾಗಾಗಿ ರಕ್ತ ತೆಳು ಮಾಡಿದರೆ ಅನುಕೂಲ ಅಂತ ಯೋಚಿಸಿದರು. ಯೋಚನೆಯಲ್ಲಿ ತಪ್ಪು ಕಾಣುತ್ತಿರಲಿಲ್ಲ. 2012ರಲ್ಲಿ ಫಲ ಹೊರಬಂತು: ವಾರ್ಫರಿನ್ ಗುಂಪಿನಲ್ಲಿ 14 ಸಾವು, ಖಾಲಿ ಗುಂಪಿನಲ್ಲಿ 3. ಖಾಲಿ ಮಾತ್ರೆ ತೆಗೆದುಕೊಂಡವರು ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಸಹಿ ಕೇಳಲಿಲ್ಲ. ಬದಲಿಗೆ "ಮನೆಗೆ ಹೋಗಿ ಮಗಳಿಗೆ ಇದನ್ನ ಹೇಗೆ ಹೇಳ್ತೀರಿ, ನನಗೆ ಹೇಳಿ ನೋಡೋಣ" ಅಂದೆ. ಈಗಲೂ ಎಲ್ಲರಿಗೂ ಹೀಗೇ ಕೇಳುತ್ತೇನೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಆಯ್ತು ಅಂತಲೇ ಅನ್ನುತ್ತಾರೆ, ಆಗದಿದ್ದರೂ. ಅಜ್ಜ ಸರಿಯಾಗಿ ಹೇಳಿದರು. ಎರಡು ದಿನ ಬಿಟ್ಟು ಮಗಳ ಜೊತೆ ಬಂದು ಸಹಿ ಹಾಕಿದರು.

ನಾಲ್ಕನೇ ಭೇಟಿಯಲ್ಲಿ ಉಳಿದ ಮಾತ್ರೆ ಎಣಿಸುವಾಗ ಅವರ ನಿಂಟೆಡಾನಿಬ್ ಡಬ್ಬಿಯನ್ನೂ ನೋಡಿದೆ. ಇರಬೇಕಾದ್ದಕ್ಕಿಂತ ಜಾಸ್ತಿ ಕ್ಯಾಪ್ಸೂಲ್ ಇದ್ದವು. ಮೊದಲು ಹೇಳಲಿಲ್ಲ. ಆಮೇಲೆ ಮಗಳನ್ನು ಆಚೆ ಕಳಿಸಿ ಹೇಳಿದರು. ಆ ಔಷಧಿಯಿಂದ ಭೇದಿ ಆಗುತ್ತಿತ್ತು. ಬಸ್ ಹತ್ತಬೇಕಾದ ದಿನ ಮತ್ತು ಅದರ ಹಿಂದಿನ ದಿನ ತೆಗೆದುಕೊಳ್ಳುತ್ತಿರಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ವೇ ಬಿಲ್, ಅಂದರೆ ಟಿಕೆಟ್ ಲೆಕ್ಕದ ಹಾಳೆ, ಬರೆದು ದುಡಿದವರಿಗೆ ಅದೇ ಬಸ್ಸಿನಲ್ಲಿ ಮಾನ ಹೋಗುವ ಭಯ. ಈ ಔಷಧಿ ತೆಗೆದುಕೊಳ್ಳುವ ನೂರು ಜನರಲ್ಲಿ 60ಕ್ಕಿಂತ ಜಾಸ್ತಿ ಮಂದಿಗೆ ಭೇದಿ ಕಾಡಿದ್ದು ಅಧ್ಯಯನದಲ್ಲೇ ಕಂಡಿದೆ. ನನಗೆ ಅಂಕಿ ಗೊತ್ತಿತ್ತು, ಅವರನ್ನು ಕೇಳಿರಲಿಲ್ಲ ಅಷ್ಟೇ. ಡಾಕ್ಟರ್ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರು, ಹೊಟ್ಟೆ ತುಂಬಿದ ಮೇಲೇ ಕ್ಯಾಪ್ಸೂಲ್ ನುಂಗಲು ಹೇಳಿದರು. ಬಿಟ್ಟುಹೋದ ದಿನಗಳೆಲ್ಲ ದಾಖಲೆಗೆ ಬಂದವು.

ಹಿಮೋಫಿಲಿಯಾ ಅಧ್ಯಯನಕ್ಕೆ ಬಂದಾಗ ಈ ಪಾಠಗಳೆಲ್ಲ ಜೊತೆಗಿವೆ ಅಂದುಕೊಂಡಿದ್ದೆ. ಆದರೂ ಮತ್ತೆ ಎಡವಿದೆ.

ಹಿಮೋಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಕಡಿಮೆ ಇರುತ್ತದೆ. ಎ ವಿಧದಲ್ಲಿ ಫ್ಯಾಕ್ಟರ್ 8, ಬಿ ವಿಧದಲ್ಲಿ ಫ್ಯಾಕ್ಟರ್ 9. ಹೆಚ್ಚಾಗಿ ಗಂಡುಮಕ್ಕಳಿಗೆ, ತಾಯಿಯ ಕಡೆಯಿಂದ ಬರುತ್ತದೆ. ಅಧ್ಯಯನದಲ್ಲಿ ನಾವು ಎಣಿಸುವುದು ವರ್ಷಕ್ಕೆ ಎಷ್ಟು ಸಲ ರಕ್ತಸ್ರಾವ ಆಯಿತು ಅನ್ನುವುದನ್ನು. ಅದಕ್ಕೊಂದು ಡೈರಿ. ಹನ್ನೊಂದು ವರ್ಷದ ಹುಡುಗನ ತಾಯಿ ಪ್ರತಿ ದಿನ ತಪ್ಪದೆ ಬರೆಯುತ್ತಿದ್ದರು. ತಿಂಗಳ ಕೊನೆಗೆ ನೋಡಿದರೆ ಎಲ್ಲ ದಿನವೂ "ಇಲ್ಲ". ನನಗೆ ಖುಷಿಯಾಯಿತು. ಆಮೇಲೆ ಹುಡುಗ ಕುರ್ಚಿಯಿಂದ ಎದ್ದ. ಕುಂಟುತ್ತಿದ್ದ. ಮಂಡಿ ಮುಟ್ಟಿದರೆ ಬೆಚ್ಚಗಿತ್ತು.

"ರಕ್ತ ಬಂದಿಲ್ಲ ಮೇಡಂ. ಸುಮ್ನೆ ಊದಿಕೊಂಡಿದೆ" ಅಂದರು ತಾಯಿ.

ಅವರು ಸುಳ್ಳು ಹೇಳುತ್ತಿರಲಿಲ್ಲ. ರಕ್ತಸ್ರಾವ ಅಂದರೆ ಕಣ್ಣಿಗೆ ಕಾಣುವ ರಕ್ತ, ಅಲ್ವಾ? ಆದರೆ ಈ ಕಾಯಿಲೆಯಲ್ಲಿ ಹತ್ತಕ್ಕೆ ಏಳೆಂಟು ರಕ್ತಸ್ರಾವ ಆಗುವುದು ಕೀಲಿನ ಒಳಗೆ. ಒಂದು ಹನಿಯೂ ಹೊರಗೆ ಬರುವುದಿಲ್ಲ. ಅದನ್ನು ಎಣಿಸದೆ ಬಿಟ್ಟರೆ ಔಷಧಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ನಾಳೆ ಅದನ್ನು ನಂಬಿ ಇನ್ನೊಬ್ಬ ಹುಡುಗನಿಗೆ ಕೊಡುತ್ತಾರೆ.

ಹಿಂದಿನ ದಿನಗಳನ್ನು ನೆನಪಿನಿಂದ ತುಂಬಿಸಲಿಲ್ಲ, ಹಾಗೆ ಮಾಡುವಂತಿಲ್ಲ. ಆದದ್ದನ್ನು ಆದ ಹಾಗೇ ಬರೆದು ವರದಿ ಮಾಡಿದೆವು. ಡೈರಿಯ ಪ್ರಶ್ನೆಗಳನ್ನು ಬದಲಿಸಬೇಕು ಅಂತ ಕೇಳಿದೆವು. ಕಮಿಟಿ ಒಪ್ಪಿದ ಮೇಲೆ ಹೊಸ ಪುಟ ಬಂತು. ದೇಹದ ಚಿತ್ರ, ಅದರ ಮೇಲೆ ಗುರುತು ಹಾಕಬೇಕು. ಕೆಳಗೆ ಮೂರು ಪ್ರಶ್ನೆ. ಒಳಗೆ ಜುಮುಜುಮು ಅನಿಸಿತಾ? ಮಡಚಲು ಬಿಗಿ ಆಯಿತಾ? ಊದಿಕೊಂಡು ಬಿಸಿ ಇತ್ತಾ? ಹುಡುಗನನ್ನು ಬೇರೆಯಾಗಿ ಕೂರಿಸಿ "ಯಾವ ದಿನ ಆಟಕ್ಕೆ ಹೋಗಲಿಲ್ಲ ಪುಟ್ಟಾ?" ಅಂತ ಕೇಳುತ್ತೇನೆ. ಕ್ರಿಕೆಟ್ ತಪ್ಪಿದ ದಿನಗಳು ಅವನಿಗೆ ಬಾಯಿಪಾಠ. ನೋವು ಎಲ್ಲಿತ್ತು ಅಂತ ಕೇಳಿದರೆ ಮಾತ್ರ ಮುಚ್ಚಿಡುತ್ತಾನೆ, ಹೇಳಿದರೆ ಅಮ್ಮ ಬ್ಯಾಟ್ ಕಿತ್ತಿಡುತ್ತಾರೆ ಅಂತ. ಅದೇ ಜಾಗದಲ್ಲಿ 72 ಗಂಟೆಯೊಳಗೆ ಮತ್ತೆ ಊದಿಕೊಂಡರೆ ಅದು ಹೊಸ ರಕ್ತಸ್ರಾವವಾ, ಹಳೆಯದರ ಮುಂದುವರಿಕೆಯಾ ಅನ್ನುವುದಕ್ಕೂ ನಿಯಮ ಇದೆ. ಹಾಗಾಗಿ ದಿನ ಅಷ್ಟೇ ಸಾಲದು, ಹೊತ್ತೂ ಬರೆಸುತ್ತೇವೆ.

ಬೇರೆ ಏನು ಔಷಧಿ ತೆಗೆದುಕೊಂಡರು ಅನ್ನುವುದನ್ನೂ ಬಿಡದೆ ಕೇಳುತ್ತೇನೆ. ಎಮಿಸಿಜುಮಾಬ್ ಅನ್ನುವ ಇಂಜೆಕ್ಷನ್ ಎ ವಿಧದ ಕಾಯಿಲೆಯವರ ಬದುಕನ್ನೇ ಬದಲಿಸಿದೆ. ಫ್ಯಾಕ್ಟರ್ 8ಅನ್ನು ವಾರಕ್ಕೆ ಎರಡು ಮೂರು ಸಲ ನರಕ್ಕೆ ಕೊಡಬೇಕು. ಇದನ್ನು ವಾರಕ್ಕೊಮ್ಮೆ, ಇಲ್ಲವೇ ಇನ್ನೂ ಅಪರೂಪಕ್ಕೆ, ಚರ್ಮದ ಕೆಳಗೆ ಕೊಟ್ಟರೆ ಸಾಕು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತಸ್ರಾವ ನೂರಕ್ಕೆ 87ರಷ್ಟು ಇಳಿದಿತ್ತು. ಆದರೆ ಅದೇ ಅಧ್ಯಯನದಲ್ಲಿ, ರಕ್ತಸ್ರಾವ ನಿಲ್ಲಿಸಲು ಇನ್ನೊಂದು ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡ ಕೆಲವರಿಗೆ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ ಬಂತು. ಎರಡು ಔಷಧಿ ಯಾವಾಗ ಎಷ್ಟು ಸೇರಿದವು ಅನ್ನುವ ದಾಖಲೆ ಇದ್ದದ್ದರಿಂದಲೇ ಕಾರಣ ಸಿಕ್ಕಿತು. ನಮ್ಮಲ್ಲಿ ಇನ್ನೊಂದು ಭಯ ಇದೆ. ಜ್ವರ ಬಂದಾಗ ಹತ್ತಿರದ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಸೂಜಿ ಹಾಕಿಸಿಬಿಡುತ್ತಾರೆ. ಈ ಮಕ್ಕಳಿಗೆ ಮಾಂಸಖಂಡಕ್ಕೆ ಸೂಜಿ ಹಾಕಿದರೆ ಒಳಗೇ ರಕ್ತ ತುಂಬುತ್ತದೆ. ಪ್ರತಿ ಭಾನುವಾರ ಫೋನ್ ಮಾಡಿದಾಗ ಇದನ್ನೂ ಕೇಳುತ್ತೇನೆ.

ಈಚೆಗೆ ಆ ತಾಯಿ "ವೆಲ್ಲೂರಿನಲ್ಲಿ ಜೀನ್ ಸರಿ ಮಾಡ್ತಾರಂತೆ, ನನ್ನ ಮಗನಿಗೂ ಆಗುತ್ತಾ?" ಅಂತ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಎ ವಿಧದ ಐದು ಜನರ ರಕ್ತದ ಕಾಂಡಕೋಶ, ಅಂದರೆ ರಕ್ತ ಹುಟ್ಟಿಸುವ ಮೂಲ ಕೋಶ, ತೆಗೆದು, ಸರಿಯಾದ ಜೀನ್ ಸೇರಿಸಿ, ಅವರಿಗೇ ವಾಪಸ್ ಕೊಟ್ಟಿದ್ದಾರೆ. ಆಮೇಲೆ ಅವರಿಗೆ ರಕ್ತಸ್ರಾವ ಆಗಿಲ್ಲ ಅಂತ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಗಿದೆ. ಐವರೂ ದೊಡ್ಡವರು. ಅದಕ್ಕೆ ಮೊದಲು ಕೀಮೋ ಕೊಡಬೇಕಾಗುತ್ತದೆ. ಇನ್ನೂ ಬಹಳ ವರ್ಷ ಕಾದು ನೋಡಬೇಕು. ಅವರು ಮತ್ತೆ ಮತ್ತೆ ಕೇಳಿದರು, ನಾನು ಮತ್ತೆ ಮತ್ತೆ ಹೇಳಿದೆ. ಅವರ ತಮ್ಮ ಇದೇ ಕಾಯಿಲೆಯಿಂದ ಹದಿನಾರಕ್ಕೇ ಹೋದವನು. ಅವಸರ ಇರುವುದು ಸಹಜ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಲ್ಲಿ ಇವರಂಥ ತುಂಬ ತಾಯಂದಿರು ಸಿಗುತ್ತಾರೆ, ಹೋಗಿ ಮಾತಾಡಿ ಬನ್ನಿ ಅಂತ ಕಳಿಸಿದೆ.

ಶ್ವಾಸಕೋಶದ ಅಧ್ಯಯನ ಮುಗಿದು, ಲೆಕ್ಕವೆಲ್ಲ ಆದ ಮೇಲೆ ಚೀಟಿ ಬಿಚ್ಚಿದರು. ಯಾರಿಗೆ ಯಾವುದು ಬಂದಿತ್ತು ಅಂತ ಒಬ್ಬೊಬ್ಬರಿಗೂ ತಿಳಿಸುವ ಕೆಲಸ ನನ್ನದು. ಅಜ್ಜ ಅಷ್ಟು ಹೊತ್ತಿಗೆ ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡಿದ್ದರು. ಫೋನ್‌ನಲ್ಲಿ ಮಾತು ನಿಧಾನ. "ನಿಮಗೆ ಖಾಲಿ ಮಾತ್ರೆ ಬಂದಿತ್ತು ಅಜ್ಜಾ" ಅಂದೆ. ಹೇಳುವಾಗ ಗಂಟಲು ಕಟ್ಟಿತು.

ಒಂದೆರಡು ಉಸಿರು ತೆಗೆದುಕೊಂಡರು. "ನಾನು ಊದಿದ್ದೆಲ್ಲ ವೇ ಬಿಲ್‌ನಲ್ಲಿ ಬಂದಿದೆಯಾ ಮಗಾ?" ಅಂತ ಕೇಳಿದರು.

"ಎಲ್ಲಾ ಬಂದಿದೆ ಅಜ್ಜಾ. ಒಂದೂ ಬಿಟ್ಟಿಲ್ಲ" ಅಂದೆ.