ಬಟ್ಟೆ ಅಂಗಡಿಯ ಹಿಂಗೋಣೆಯಲ್ಲಿ ಕೌದಿ ಕಲಿಸಿದ ಬಗೆ

ಧಾರವಾಡದ ಹಳೆಯ ಓಣಿಯೊಂದರಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ ಇದೆ. ಪಾಪ್ಲಿನ್, ಮಲ್ ಬಟ್ಟೆ, ಅಸ್ತರ್, ಫಾಲ್, ಖಣ, ಕೈಮಗ್ಗದ ಕಾಟನ್ ಮತ್ತು ಬಗೆಬಗೆಯ ಕಟ್ ಪೀಸುಗಳನ್ನು ಮಾರುತ್ತೇವೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆಯಾದ್ದರಿಂದ, ಆ ಹೊತ್ತಿನಲ್ಲಿ ಅಂಗಡಿಯ ಹಿಂಗೋಣೆಯಲ್ಲಿ ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತ ಬಂದಿದ್ದೇನೆ. ತಮ್ಮ ಅಂಗಡಿಯಲ್ಲಿಯೂ ಇಂಥ ತರಗತಿ ತೆರೆಯಬೇಕೆಂದಿರುವ ಕೆಲವರು ಇದನ್ನು ಹೇಗೆ ನಡೆಸುತ್ತೀರಿ ಎಂದು ಆಗಾಗ ಕೇಳುತ್ತಿರುವುದರಿಂದ, ನಾನು ಮಾಡಿಕೊಂಡು ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಏನೆಂದರೆ, ನಾನು ರವಿಕೆಯಿಂದ, ಅಂದರೆ ಜಂಪರ್‌ನಿಂದ ಪಾಠ ಶುರು ಮಾಡುವುದಿಲ್ಲ, ಬಟ್ಟೆಯ ತುಂಡುಗಳನ್ನು ಕೂಡಿಸಿ ಪದರ ಪದರವಾಗಿ ಹೊಲಿಯುವ ಹೊದಿಕೆಯಿಂದ, ಅಂದರೆ ಕೌದಿಯಿಂದ ಮಾಡುತ್ತೇನೆ. ಸೇರಿದ ಎರಡನೆಯ ದಿನವೇ "ಅಕ್ಕಾರ, ಜಂಪರ್ ಯಾವಾಗ ಕಲಸ್ತೀರಿ?" ಎಂದು ಕೇಳದವರು ಅಪರೂಪ. ಅವರ ಆಸೆ ತಪ್ಪಲ್ಲ, ಏಕೆಂದರೆ ಮನೆಯಲ್ಲಿಯೇ ಜಂಪರ್ ಹೊಲಿದುಕೊಂಡರೆ ವರ್ಷಕ್ಕೆ ಉಳಿಯುವ ದುಡ್ಡು ಕಡಿಮೆಯದಲ್ಲ. ಆದರೆ ಜಂಪರ್ ಎಂದರೆ ಡಾಟ್ಸ್, ಕಂಕುಳದ ಸುತ್ತು, ತೋಳು ಕೂಡಿಸುವುದು, ಕೊರಳಿಗೆ ಕ್ರಾಸ್ ಪಟ್ಟಿ ಇಡುವುದು. ಅದರಲ್ಲಿ ನೇರವಾದ ಹೊಲಿಗೆ ಎಂಬುದೇ ಬಹಳ ಕಡಿಮೆ. ಇನ್ನೂ ಯಂತ್ರದ ಮೇಲೆ ಹಿಡಿತ ಸಿಗದವರ ಕೈಗೆ ಅದನ್ನು ಕೊಟ್ಟರೆ ಬಟ್ಟೆಯೂ ಕೆಡುತ್ತದೆ, ನನ್ನಿಂದ ಆಗದು ಎಂಬ ಅಳುಕೂ ಬೇರೂರುತ್ತದೆ. ಕೌದಿಯಲ್ಲಿಯಾದರೆ ಆರಂಭದಿಂದ ಕೊನೆಯವರೆಗೆ ನೇರ ಹೊಲಿಗೆಯೇ. ಅದರ ಜೊತೆಗೆ ಅಳತೆ, ಕತ್ತರಿ, ಇಸ್ತ್ರಿ, ಕೈಹೊಲಿಗೆ ಎಲ್ಲವೂ ಒಂದೇ ಕೆಲಸದಲ್ಲಿ ಬಂದುಹೋಗುತ್ತವೆ, ಕೊನೆಗೆ ಮನೆಯವರು ಹೊದ್ದುಕೊಳ್ಳುವಂಥ ವಸ್ತುವೊಂದು ಕೈಯಲ್ಲಿ ಉಳಿಯುತ್ತದೆ.

ನಮ್ಮಲ್ಲಿರುವ ಯಂತ್ರಗಳಲ್ಲಿ ಹೆಚ್ಚಿನವು ಕಾಲಿನಿಂದ ತುಳಿಯುವಂಥವು. ಹೊಸಬರಿಗೆ ಮೊದಲು ಸೂಜಿ ತೆಗೆದ ಯಂತ್ರವನ್ನೇ ಕೊಡುತ್ತೇನೆ. ಬಲಗಡೆಯ ಚಕ್ರ ತಮ್ಮ ಕಡೆಗೇ ತಿರುಗುವಂತೆ, ನಡುವೆ ಹಿಂದಕ್ಕೆ ಜಾರದಂತೆ, ಎರಡೂ ಪಾದಗಳನ್ನು ಹಿಂದೆ ಮುಂದೆ ಇಟ್ಟು ತುಳಿಯುವುದು ರೂಢಿಯಾಗುವ ತನಕ ದಾರದ ಮಾತೇ ಇಲ್ಲ. ಚಕ್ರ ಒಂದು ಸಲ ಹಿಂದೆ ತಿರುಗಿದರೂ ಸಾಕು, ದಾರ ಸಿಕ್ಕಿಕೊಂಡು ಹರಿಯುತ್ತದೆ. ಅದಾದ ಮೇಲೆ ಮೊಂಡಾದ ಹಳೆಯ ಸೂಜಿಯೊಂದನ್ನು ಹಾಕಿ, ಗೆರೆ ಎಳೆದ ನೋಟುಬುಕ್ಕಿನ ಹಾಳೆಯ ಮೇಲೆ ದಾರವಿಲ್ಲದೆ ಹೊಲಿಸುತ್ತೇನೆ. ತೂತುಗಳು ಗೆರೆಯ ಮೇಲೆಯೇ ಬಿದ್ದಿವೆಯೋ ಇಲ್ಲವೋ ಎಂಬುದು ಹಾಳೆಯನ್ನು ಬೆಳಕಿಗೆ ಹಿಡಿದರೆ ತಾನಾಗಿಯೇ ಕಾಣುವುದರಿಂದ, ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಾಬಿನ್ ಕೇಸಿನ, ಅಂದರೆ ಕೆಳದಾರದ ಉರುಳೆ ಕೂರುವ ಗೂಡಿನ, ಬಿಗಿಯನ್ನು ನೋಡುವುದನ್ನೂ ಆಗಲೇ ಕಲಿಸಿಬಿಡುತ್ತೇನೆ. ದಾರದ ತುದಿ ಹಿಡಿದು ಕೇಸನ್ನು ತೂಗುಬಿಟ್ಟಾಗ ಅದು ಅಲ್ಲಿಯೇ ನಿಂತಿರಬೇಕು, ಕೈಯನ್ನು ಮೆಲ್ಲಗೆ ಜಗ್ಗಿದರೆ ತುಸುವೇ ಕೆಳಗಿಳಿಯಬೇಕು. ಸರ್ರನೆ ಜಾರಿದರೆ ಸಡಿಲ, ಅಲುಗದಿದ್ದರೆ ಬಿಗಿ.

ಮೊದಲ ಕೆಲಸವಾಗಿ ಕೂಸಿನ ಕೌದಿಯನ್ನು ಕೊಡುತ್ತೇನೆ. ಐದು ಇಂಚಿನ ಚೌಕಗಳು ಅಡ್ಡಕ್ಕೆ ಎಂಟು, ಉದ್ದಕ್ಕೆ ಹತ್ತು, ಒಟ್ಟು 80. ಎಲ್ಲ ಕಡೆಗೂ ಕಾಲು ಇಂಚು ಹೊಲಿಗೆಗೆ ಹೋದರೆ ಪ್ರತಿ ಚೌಕ ನಾಲ್ಕೂವರೆ ಇಂಚಾಗಿ ಉಳಿಯುತ್ತದೆ, ಕೌದಿ 36 ಇಂಚು ಅಗಲ, 45 ಇಂಚು ಉದ್ದವಾಗುತ್ತದೆ. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯ ಒಂದು ಅಡ್ಡ ಪಟ್ಟಿಯಲ್ಲಿ ಎಂಟು ಚೌಕಗಳು ಬರುವುದರಿಂದ, ಎಲ್ಲ ಬಣ್ಣಗಳೂ ಕೂಡಿ ಒಂದೂವರೆ ಮೀಟರ್ ಬಟ್ಟೆ ಧಾರಾಳವಾಗಿ ಸಾಕು. ಈ ಲೆಕ್ಕವನ್ನು ಕಲಿಯುವವರ ಕೈಯಿಂದಲೇ ಮಾಡಿಸುತ್ತೇನೆ. ಥಾನಿನಿಂದ, ಅಂದರೆ ಬಟ್ಟೆಯ ಸುರುಳಿಯಿಂದ, ಎಷ್ಟು ಹರಿಸಿಕೊಳ್ಳಬೇಕು ಎಂಬುದು ತಿಳಿದವರು ಮುಂದೆ ಯಾವ ಅಂಗಡಿಯಲ್ಲಿಯೂ ಹೆಚ್ಚು ಬಟ್ಟೆ ಕೊಂಡು ನಷ್ಟಪಡುವುದಿಲ್ಲ. ಬಟ್ಟೆ ಮಾರುವವಳು ಹೇಳುವ ಮಾತಲ್ಲ ಇದು ಎಂದು ನಮ್ಮ ಮನೆಯವರು ನಗುತ್ತಾರೆ.

ಕಾಲು ಇಂಚನ್ನು ಕಾಯ್ದುಕೊಳ್ಳುವುದೇ ಇಲ್ಲಿನ ಮುಖ್ಯ ಪಾಠ. ಒಂದೊಂದು ಜೋಡಣೆಯಲ್ಲಿ ಎರಡೂ ತುಂಡುಗಳಿಂದ ಕೂಡಿ ಒಂದು ನೂಲು, ಅಂದರೆ ಇಂಚಿನ ಎಂಟನೆಯ ಒಂದು ಭಾಗ, ಹೆಚ್ಚು ಒಳಗೆ ಹೋದರೂ ಒಂದು ಸಾಲಿನ ಏಳು ಜೋಡಣೆಗಳಲ್ಲಿ ಮುಕ್ಕಾಲು ಇಂಚಿಗೂ ಮೀರಿ ಕಡಿಮೆಯಾಗುತ್ತದೆ. ಆ ಸಾಲನ್ನು ಸರಿಯಾಗಿ ಹೊಲಿದ ಮತ್ತೊಂದು ಸಾಲಿಗೆ ಕೂಡಿಸಲು ಹೋದಾಗ ಚೌಕಗಳ ಮೂಲೆಗಳು ಒಂದಕ್ಕೊಂದು ಸೇರುವುದೇ ಇಲ್ಲ. ಇದಕ್ಕಾಗಿ ಸೂಜಿಯಿಂದ ಸರಿಯಾಗಿ ಕಾಲು ಇಂಚು ದೂರಕ್ಕೆ ಯಂತ್ರದ ತಗಡಿನ ಮೇಲೆ ಬಣ್ಣದ ಟೇಪೊಂದನ್ನು ಅಂಟಿಸಿದ್ದೇನೆ. ಕಣ್ಣು ಸೂಜಿಯ ಮೇಲಿರಬಾರದು, ಟೇಪಿಗೆ ತಾಗಿ ಸಾಗುವ ಬಟ್ಟೆಯ ಅಂಚಿನ ಮೇಲಿರಬೇಕು. ಇಸ್ತ್ರಿಯ ವಿಷಯದಲ್ಲಿಯೂ ಟೇಲರ್‌ಗಳ ರೂಢಿಯನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ಉಡುಪು ಹೊಲಿಯುವಾಗ ಹೊಲಿಗೆಯ ಆಚೆ ಉಳಿಯುವ ಅಂಚನ್ನು, ಅಂದರೆ ಮಾರ್ಜಿನ್ ಅನ್ನು, ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡುವುದುಂಟು, ಆದರೆ ಇಲ್ಲಿ ಒಂದು ಸಾಲಿನ ಮಾರ್ಜಿನ್ ಪೂರ್ತಿ ಎಡಕ್ಕೆ, ಮುಂದಿನ ಸಾಲಿನದು ಪೂರ್ತಿ ಬಲಕ್ಕೆ ಬೀಳುವಂತೆ ಇಸ್ತ್ರಿ ಮಾಡಿಸುತ್ತೇನೆ. ಹಾಗೆ ಮಾಡಿದಾಗ ಎರಡು ಸಾಲುಗಳನ್ನು ಎದುರುಬದುರು ಇಟ್ಟರೆ ಜೋಡಣೆಗಳು ಒಂದಕ್ಕೊಂದು ತಾಗಿ ಕಚ್ಚಿಕೊಳ್ಳುತ್ತವೆ. ಹೆಬ್ಬೆರಳಿಗೆ ಆ ತಡೆ ಸಿಕ್ಕಿತೆಂದರೆ ಗುಂಡುಸೂಜಿ ಚುಚ್ಚಿ ನಿಶ್ಚಿಂತೆಯಿಂದ ಹೊಲಿಯಬಹುದು.

ತುಂಡು ಕೂಡಿಸುವುದನ್ನು ಯಂತ್ರದ ಮೇಲೆ ಕಲಿಸಿದರೂ, ಪದರಗಳನ್ನು ಒಟ್ಟಿಗೆ ಸೇರಿಸುವ ಹೊಲಿಗೆಯನ್ನು ಕೈಯಿಂದಲೇ ಹಾಕಿಸುತ್ತೇನೆ. ನಮ್ಮ ಕೌದಿಯೊಳಗೆ ಹತ್ತಿ ತುಂಬುವುದಿಲ್ಲ. ಮೇಲಿನ ಮತ್ತು ಕೆಳಗಿನ ಬಟ್ಟೆಗಳ ನಡುವೆ ಹಳೆಯ ಸೀರೆ ಅಥವಾ ಧೋತರದ ಒಂದೆರಡು ಪದರಗಳಿರುತ್ತವೆ. ಇಷ್ಟು ಪದರಗಳನ್ನು ಮನೆಬಳಕೆಯ ಯಂತ್ರದಲ್ಲಿ ತೂರಿಸಿದರೆ ಕೆಳಗಿನ ಹಲ್ಲುಗಳು ತಳದ ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನ ಬಟ್ಟೆ ಅದನ್ನು ಒತ್ತಿ ಹಿಡಿಯುವ ಯಂತ್ರದ ಕಾಲಿನ ಕೆಳಗೆ ತಡೆದು ಹಿಂದೆ ಉಳಿಯುತ್ತದೆ, ಸಾಲಿನ ಕೊನೆಗೆ ಮಡಿಕೆ ಬಿದ್ದೇ ಬೀಳುತ್ತದೆ. ಕೈಹೊಲಿಗೆಯಲ್ಲಿ ಈ ತಕರಾರು ಇಲ್ಲ.

ಕೈಹೊಲಿಗೆಯ ಬಗ್ಗೆ ನನಗೆ ತಿಳಿದದ್ದರಲ್ಲಿ ಹೆಚ್ಚಿನದು ಗೊಂದಲಿಗ ಸಮುದಾಯದ ಹಿರಿಯ ಹೆಣ್ಣುಮಗಳೊಬ್ಬರಿಂದ ಬಂದದ್ದು. ನಮ್ಮ ಭಾಗದಲ್ಲಿ ಊರೂರು ತಿರುಗಿ, ಮನೆಯ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿದುಕೊಡುವವರಲ್ಲಿ ಗೊಂದಲಿಗ ಹೆಣ್ಣುಮಕ್ಕಳ ಹೆಸರು ದೊಡ್ಡದು. ತರಗತಿಗೆ ಬಂದು ಕೂಡಬೇಕೆಂದು ಅವರನ್ನು ಕೇಳಿಕೊಂಡಾಗ, ಹೊಲಿದುಕೊಡುವುದಕ್ಕೆ ಕೊಡುವ ಕೂಲಿಯನ್ನೇ ಕಲಿಸುವುದಕ್ಕೂ ಕೊಡಬೇಕು ಎಂದರು. ಅದು ನ್ಯಾಯವಾದ ಮಾತಾಗಿತ್ತು, ಒಪ್ಪಿಕೊಂಡೆ. ಅವರು ಬಂದವರೇ ನಾವು ಚೆಂದವಾಗಿ ಕತ್ತರಿಸಿ ಇಟ್ಟಿದ್ದ ಚೌಕಗಳನ್ನು ನೋಡಿ, "ಇಷ್ಟ್ಯಾಕ ಕತ್ತರಿ ಆಡಿಸೀರಿ ಯವ್ವಾ, ಬಟ್ಟಿ ಹೆಂಗ ಬಂದೈತಿ ಹಂಗ ಹಚ್ಚಿದ್ರ ಆತು" ಎಂದರು. ನೆಲದ ಮೇಲೆ ತಳದ ಸೀರೆಯನ್ನೂ ನಡುವಿನ ಪದರವನ್ನೂ ಹಾಸಿ, ಒಂದು ಮೂಲೆಯಲ್ಲಿ ತುಂಡೊಂದನ್ನು ಇಟ್ಟು, ಅದರ ಅಂಚನ್ನು ಉಗುರಿನಿಂದ ಒಳಗೆ ಮಡಚಿ, ಎಲ್ಲ ಪದರಗಳನ್ನೂ ಹಿಡಿದು ಹೊಲಿಗೆ ಶುರು ಮಾಡಿದರು. ಬಲಗೈ ಸೂಜಿಯನ್ನು ಆಡಿಸುವುದೇ ಇಲ್ಲ ಎನ್ನುವಷ್ಟು ಸ್ಥಿರವಾಗಿತ್ತು. ಎಡಗೈ ಬಟ್ಟೆಯನ್ನು ಮೇಲೆ ಕೆಳಗೆ ಅಲೆಯಾಡಿಸಿ ಸೂಜಿಗೆ ಏರಿಸುತ್ತಿತ್ತು, ನಾಲ್ಕೈದು ಹೊಲಿಗೆಗಳು ಸೂಜಿಯ ಮೇಲೆ ಕೂಡಿದ ನಂತರವೇ ದಾರ ಜಗ್ಗುತ್ತಿದ್ದರು. ತುಂಡಿನ ಕೊನೆ ಬಂದಾಗ ಮುಂದಿನ ತುಂಡನ್ನು ಅದರ ಕಚ್ಚಾ ಅಂಚಿನ ಮೇಲೆ ಹತ್ತಿಸಿ, ಅದನ್ನೂ ಉಗುರಿನಿಂದಲೇ ಮಡಚಿ, ಅದೇ ದಾರದಲ್ಲಿ ಮುಂದುವರಿದರು. ಹೀಗೆ ನಾಲ್ಕೂ ಅಂಚುಗಳನ್ನು ಸುತ್ತಿ, ಸುತ್ತು ಸುತ್ತಾಗಿ ಒಳಗೆ ಬರುತ್ತ, ಕೊನೆಗೆ ನಡುವಿನಲ್ಲಿ ಮುಗಿಸಿದರು. ಒಂದೇ ಒಂದು ಗುಂಡುಸೂಜಿಯನ್ನೂ ಬಳಸಲಿಲ್ಲ.

ಅಂಚಿನಿಂದ ನಡುವಿಗೆ ಬಂದರೆ ಸಡಿಲವೆಲ್ಲ ನಡುವೆ ಬಂದು ಗುಳ್ಳೆಯಾಗುವುದಿಲ್ಲವೇ ಎಂಬ ಪ್ರಶ್ನೆ ನನಗಿತ್ತು. ಅವರ ಪಕ್ಕದಲ್ಲಿ ಕುಳಿತು ನೋಡಿದಾಗ ಕಾರಣ ಹೊಳೆಯಿತು: ಮೇಲಿನ ಬಟ್ಟೆ ಮೊದಲೇ ಒಂದು ಹಾಳೆಯಾಗಿ ಕೂಡಿರುವುದಿಲ್ಲ, ಪ್ರತಿ ತುಂಡೂ ಆಗಷ್ಟೇ ಬಂದು ಕೂರುತ್ತದೆ, ಆದ್ದರಿಂದ ಸ್ವಲ್ಪ ಸಡಿಲ ಬಂದರೂ ಮುಂದಿನ ತುಂಡಿನ ಮಡಿಕೆಯಲ್ಲಿ ಅದು ಕರಗಿಹೋಗುತ್ತದೆ, ತಳದ ಸೀರೆಯನ್ನು ಮಾತ್ರ ಆಗಾಗ ಅಂಗೈಯಿಂದ ನೀವಿಕೊಂಡರೆ ಸಾಕು. ಯಂತ್ರದಲ್ಲಿ ಚೌಕಗಳನ್ನು ಮೊದಲೇ ಕೂಡಿಸಿಕೊಂಡವರಿಗೆ ಈ ಕ್ರಮ ಹೊಂದುವುದಿಲ್ಲ. ಅವರು ಪದರಗಳನ್ನು ಬಿಗಿಯಾಗಿ ಹಾಸಿ, ಗೇಣು ಗೇಣಿಗೆ ಉದ್ದನೆಯ ಕಚ್ಚಾ ಹೊಲಿಗೆ ಹಾಕಿಕೊಂಡು, ನಡುವಿನಿಂದಲೇ ಹೊರಟು ಅಂಚಿಗೆ ಹೋಗಬೇಕು. ಎರಡೂ ಕ್ರಮಗಳನ್ನು ಈಗ ಕಲಿಸುತ್ತೇನೆ, ಆದರೆ ಒಂದರ ಮೇಲ್ಬಟ್ಟೆಗೆ ಇನ್ನೊಂದರ ದಿಕ್ಕನ್ನು ಬೆರೆಸಲು ಬಿಡುವುದಿಲ್ಲ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳೂ ಹೀಗೆಯೇ ಅಂಚಿನಿಂದ ಒಳಗೆ ಸಾಗುತ್ತವೆ. ಆಫ್ರಿಕಾ ಮೂಲದ ಆ ಸಮುದಾಯದ ಕೌದಿಗಳಲ್ಲಿ ಬಣ್ಣಗಳ ಧೈರ್ಯವೇ ಬೇರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಚೌಕಗಳನ್ನು ಮಡಚಿ ಮಡಚಿ ತ್ರಿಕೋನ ಮಾಡಿ ಕೂರಿಸುವ ಹೂವುಗಳಿಲ್ಲದೆ ಅವರ ಕೌದಿ ಪೂರ್ಣವಾಗುವುದಿಲ್ಲ. ನಮ್ಮ ತರಗತಿಯಲ್ಲಿ ಕೆಲಸ ಮುಗಿಸಿದವರು ಆ ಮೂಲೆಗಳನ್ನು ಇಷ್ಟಪಟ್ಟು ಹಚ್ಚುತ್ತಾರೆ, ಆದರೆ ಅದು ಯಾರ ಕಲೆ ಎಂಬುದನ್ನು ಹೇಳಿಯೇ ಕಲಿಸುತ್ತೇನೆ. ಮಾರಾಟಕ್ಕೆ ಇಡುವಾಗಲೂ ಅದನ್ನು ಸಿದ್ದಿ ಕೌದಿ ಎಂದು ಕರೆಯಲು ಒಪ್ಪುವುದಿಲ್ಲ.

ಬಟ್ಟೆಯ ಆಯ್ಕೆಯ ಬಗ್ಗೆ ಅಂಗಡಿಯವಳಾಗಿ ನನಗೆ ಹೇಳಲು ಬಹಳವಿದೆ. ಹೊಸ ಕಾಟನ್ ಅನ್ನು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸದೆ ಕತ್ತರಿಸಬಾರದು, ಏಕೆಂದರೆ ಗಂಜಿ ಬಿಟ್ಟು ಕುಗ್ಗುವುದೇನಿದ್ದರೂ ಮೊದಲೇ ಕುಗ್ಗಿಬಿಡಬೇಕು. ಕೆಂಪು, ಕಪ್ಪು ಮತ್ತು ಗಾಢ ನೀಲಿ ಬಟ್ಟೆಗಳ ಒಂದು ಮೂಲೆಯನ್ನು ಒದ್ದೆ ಮಾಡಿ, ಬಿಳಿಯ ಮಲ್ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿದರೆ ಬಣ್ಣ ಬಿಡುವುದೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ. ಉಪ್ಪುನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ನೆಚ್ಚಿಕೊಳ್ಳದೆ, ಬಣ್ಣ ಬಿಡುವ ತುಂಡನ್ನು ತೆಗೆದೇ ಇಡುತ್ತೇನೆ. ಗುಳೇದಗುಡ್ಡದ ಖಣ ಕೌದಿಯ ಮೇಲೆ ಬಹಳ ಶೋಭಿಸುತ್ತದೆ, ಆದರೆ ಅದರ ಕತ್ತರಿಸಿದ ಅಂಚಿನಿಂದ ಎಳೆಗಳು ಬೇಗ ಬಿಡುತ್ತವೆ. ಅದಕ್ಕೆ ಕಾಲು ಇಂಚಿನ ಬದಲು ಅರ್ಧ ಇಂಚು ಮಾರ್ಜಿನ್ ಬಿಡಿಸಿ, ಹಿಂದೆ ಮಲ್ ಬಟ್ಟೆಯ ಒಂದು ಪದರ ಕೊಡಿಸುತ್ತೇನೆ.

ಹಳೆಯ ಸೀರೆ ಇವೆಲ್ಲಕ್ಕಿಂತ ಮೇಲು. ವರ್ಷಗಟ್ಟಲೆ ಒಗೆತ ಕಂಡ ಬಟ್ಟೆ ಇನ್ನು ಕುಗ್ಗುವುದಿಲ್ಲ, ಬಣ್ಣವನ್ನೂ ಬಿಡುವುದಿಲ್ಲ. ಇಳಕಲ್ ಸೀರೆಯಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅದರ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಸಾಮಾನ್ಯವಾಗಿ ಹತ್ತಿಯದಾಗಿದ್ದರೂ ಸೆರಗಿನ ಹಾಸು ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಆಗಿರುತ್ತದೆ, ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಒಗೆತದಲ್ಲಿ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲವಾದ್ದರಿಂದ ಕೊಂಡಿಯ ಗೆರೆಯಲ್ಲಿಯೇ ಕತ್ತರಿಸಿ, ಒಡಲನ್ನು ತಳಕ್ಕೂ ಸೆರಗಿನ ತೆನೆ ವಿನ್ಯಾಸದ ಭಾಗವನ್ನು ಮೇಲಿನ ಅಲಂಕಾರಕ್ಕೂ ಬಳಸುವುದು ಒಳ್ಳೆಯದು. ಯಾವ ಹಳೆಯ ಸೀರೆಯನ್ನೇ ಆಗಲಿ ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳುಗಳ ನಡುವೆ ಜಗ್ಗಿ ನೋಡಬೇಕು. ಪಿಸಿದರೆ ಅದು ನಡುವಿನ ಪದರಕ್ಕೆ ಮಾತ್ರ. ಹೊಲಿಯುವುದಕ್ಕೆ ಹತ್ತಿಯ ದಾರವನ್ನೇ ಕೊಡುತ್ತೇನೆ, ಏಕೆಂದರೆ ಮೆತ್ತಗಾದ ಬಟ್ಟೆಗೆ ಗಟ್ಟಿ ಪಾಲಿಯೆಸ್ಟರ್ ದಾರ ಹಾಕಿದರೆ ಮುಂದೆ ಎಳೆದಾಟದಲ್ಲಿ ಹರಿಯುವುದು ದಾರವಲ್ಲ, ಸೀರೆ.

ಅಂಗಡಿಗೆ ಇದರಿಂದ ಏನು ಲಾಭ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ಫೀಸಿನಿಂದ ಅಂಗಡಿ ನಡೆಯುವುದಿಲ್ಲ. ಯಂತ್ರದ ಎಣ್ಣೆ, ಸೂಜಿ, ಬೆಲ್ಟು, ಕಲಿಸಲು ಬರುವವರ ಕೂಲಿ, ಕರೆಂಟು ಎಲ್ಲವೂ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಲಾಭ ಇರುವುದು ಥಾನಿನ ಕೊನೆಯ ತುಂಡುಗಳಲ್ಲಿ. ಅರ್ಧ ಮೀಟರಿಗೂ ಕಡಿಮೆ ಉಳಿದದ್ದು ಮೊದಲು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಈಗ ಬಣ್ಣ ಬೇರ್ಪಡಿಸಿ, ಕಟ್ಟು ಮಾಡಿ ತೂಕದ ಮೇಲೆ ಮಾರುತ್ತೇವೆ, ಶನಿವಾರ ತುಂಬಿದ ಬುಟ್ಟಿ ಸೋಮವಾರಕ್ಕೆ ಖಾಲಿಯಾಗುತ್ತದೆ. ಆದರೂ ನಮ್ಮಲ್ಲಿಯೇ ಬಟ್ಟೆ ಕೊಳ್ಳಬೇಕೆಂಬ ಷರತ್ತನ್ನು ನಾನು ಹಾಕಿಲ್ಲ. ಮನೆಯ ಹಳೆಯ ಸೀರೆಗಳನ್ನೇ ತರುವವರಿಗೆ ಅಂಥ ಷರತ್ತು ಹಾಕಿದರೆ ಕೌದಿಯ ಮೂಲ ಉದ್ದೇಶವೇ ಹೋದಂತೆ.

ಕಲಿತವರಲ್ಲಿ ಕೆಲವರು ಈಗ ಆರ್ಡರ್ ಹಿಡಿದು ಹೊಲಿಯುತ್ತಾರೆ. ಬೆಲೆ ಕಟ್ಟುವುದರಲ್ಲಿ ಅವರೊಂದಿಗೆ ನನ್ನ ವಾದ ಇನ್ನೂ ಮುಗಿದಿಲ್ಲ. ಹೊಲಿಗೆಯ ಸಾಲುಗಳ ನಡುವೆ ಅರ್ಧ ಇಂಚು ಅಂತರವಿರುವ ಕೌದಿಗೂ ಎರಡು ಇಂಚು ಅಂತರವಿರುವ ಕೌದಿಗೂ ಒಂದೇ ದರ ಹೇಳುವುದು ತಪ್ಪು. ಮೊದಲನೆಯದರಲ್ಲಿ ನಾಲ್ಕು ಪಟ್ಟು ಹೊಲಿಗೆ ಇರುತ್ತದೆ, ಬಾಳಿಕೆಯೂ ಹೆಚ್ಚು. ಆದ್ದರಿಂದ ಅಳತೆಯ ಜೊತೆಗೆ ಸಾಲುಗಳ ಅಂತರವನ್ನೂ ಚೀಟಿಯಲ್ಲಿ ಬರೆದು ದರ ಹೇಳಿ ಎನ್ನುತ್ತೇನೆ. ಅದೇ ಚೀಟಿಯ ಹಿಂಬದಿಯಲ್ಲಿ ಒಗೆಯುವ ವಿಧಾನವನ್ನೂ ಬರೆಸುತ್ತೇನೆ: ದೊಡ್ಡ ಟಬ್ಬಿನಲ್ಲಿ ತಣ್ಣೀರು ಮತ್ತು ಸೌಮ್ಯವಾದ ಸೋಪಿನಲ್ಲಿ ನೆನೆಸಿ ಕಾಲಿನಿಂದ ಮೆಲ್ಲಗೆ ತುಳಿಯಬೇಕು, ಹಿಂಡಬಾರದು, ನೆಂದ ಕೌದಿ ಬಹಳ ಭಾರವಾಗುವುದರಿಂದ ಒಂದೇ ಹಗ್ಗದ ಮೇಲೆ ತೂಗುಹಾಕದೆ ಮಾಳಿಗೆಯ ಗೋಡೆಯ ಮೇಲೆ ಅಥವಾ ಎರಡು ಹಗ್ಗಗಳ ಮೇಲೆ ಹರವಿ, ತಳದ ಬದಿ ಬಿಸಿಲಿಗೆ ಬರುವಂತೆ ಒಣಗಿಸಬೇಕು.