ಪೌರತ್ವದ ಸೆರೆಮನಿಗೆ ಮುಂಚೆಯೇ ಮಾಡಿಟ್ಟ ಕೆಲಸ: ಮೊದಲ ಬ್ರಿಟಿಷ್ ಪಾಸ್‌ಪೋರ್ಟ್ 20 ದಿನದಲ್ಲಿ ಕೈಗೆ ಬಂದಿದ್ದು

ನಮ್ಮಕ್ಕನ ಮಗಳ ಮದುವೆ ಆಗಸ್ಟ್‌ನಲ್ಲಿ, ತಿಪಟೂರಿನಲ್ಲಿ. ಆಷಾಢ ಕಳೀಲಿ ಅಂತ ಕಾದು ಶ್ರಾವಣದಲ್ಲಿ ಮುಹೂರ್ತ ಇಟ್ಟಿದ್ದರು. ಅಕ್ಕ ಫೋನ್ ಮಾಡಿ, "ನೀನು ಚಿಕ್ಕಮ್ಮ ಕಣೇ, ಚಪ್ಪರದ ದಿನ ಬಂದು ನೆಂಟರ ಥರ ನಿಂತ್ಕೊಂಡ್ರೆ ಆಗಲ್ಲ" ಅಂದಳು. ಅದೇ ವಾರ, 2025ರ ಮೇ 12ಕ್ಕೆ, ಇಲ್ಲಿ ಬ್ರಿಟನ್ನಿನ ಹೋಮ್ ಆಫೀಸಿನಿಂದ (ಗೃಹ ಇಲಾಖೆ) ಮೇಲ್ ಬಂತು. ಸಿಟಿಜನ್‌ಶಿಪ್ ಅರ್ಜಿ ಮಂಜೂರಾಗಿದೆ, ಮೂರು ತಿಂಗಳೊಳಗೆ ಸೆರೆಮನಿ, ಅಂದರೆ ಪೌರತ್ವದ ಪ್ರತಿಜ್ಞೆ ಮಾಡೋ ಸಮಾರಂಭ, ಮುಗಿಸಿಕೊಳ್ಳಿ ಅಂತ.

ಐದು ನಿಮಿಷ ಖುಷಿ. ಆಮೇಲೆ ಕ್ಯಾಲೆಂಡರ್ ನೋಡಿದೆ, ಹೊಟ್ಟೆಯೊಳಗೆ ತಳಮಳ ಶುರುವಾಯಿತು. ಮೂರು ತಿಂಗಳು ಅಂದರೆ ಆಗಸ್ಟ್ 12. ಮದುವೆ ಅದರ ಪಕ್ಕದಲ್ಲೇ.

ಇದರಲ್ಲಿ ತಳಮಳ ಏನು ಬಂತು ಅನ್ನಿಸಬಹುದು. ವಿಷಯ ಇಷ್ಟು. ಸೆರೆಮನಿಯಲ್ಲಿ ಪ್ರತಿಜ್ಞೆ ಮಾಡಿದ ದಿನ ನಾವು ಬ್ರಿಟಿಷ್ ಪ್ರಜೆ ಆಗುತ್ತೇವೆ. ಭಾರತದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳೋ ಹಾಗಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಾವಾಗಿ ಬೇರೆ ದೇಶದ ಪೌರತ್ವ ತಗೊಂಡ ಕೂಡಲೇ ಇಂಡಿಯಾದ್ದು ಹೋಗುತ್ತೆ. ಅಂದರೆ ಬೆಳಗ್ಗೆ ಹತ್ತಕ್ಕೆ ಸೆರೆಮನಿ ನಡೆಸೋ ಕೌನ್ಸಿಲ್ (ಸ್ಥಳೀಯ ಆಡಳಿತ) ಆಫೀಸಿನ ಒಳಗೆ ಹೋಗುವಾಗ ನನ್ನ ನೀಲಿ ಪಾಸ್‌ಪೋರ್ಟ್ ನಡೆಯುತ್ತೆ, ಹನ್ನೊಂದಕ್ಕೆ ಹೊರಗೆ ಬರುವಾಗ ಅದರಲ್ಲಿ ಎಲ್ಲಿಗೂ ಹೋಗೋ ಹಾಗಿಲ್ಲ. ಇಲ್ಲಿನ ಐಎಲ್‌ಆರ್ (ಖಾಯಂ ಆಗಿ ಇರೋಕೆ ಕೊಟ್ಟ ಅನುಮತಿ) ಕೂಡ ಆ ಹೊತ್ತಿಗೆ ಮುಗೀತು. ಕೈಯಲ್ಲಿರೋದು ಸೆರೆಮನಿಯಲ್ಲಿ ಕೊಟ್ಟ ಪೌರತ್ವದ ಒಂದೇ ಒಂದು ಸರ್ಟಿಫಿಕೇಟ್, ಅದನ್ನು ತೋರಿಸಿದರೆ ಯಾರೂ ವಿಮಾನ ಹತ್ತಿಸಲ್ಲ. ಹೊಸ ಪಾಸ್‌ಪೋರ್ಟ್ ಬರೋವರೆಗೆ ಅತ್ತ ದರಿ ಇತ್ತ ಪುಲಿ.

ನಾನು ಮೊದಲು ಹುಡುಕಿದ್ದು ಎಲ್ಲರೂ ಹುಡುಕೋದನ್ನೇ: ಜಾಸ್ತಿ ದುಡ್ಡು ಕೊಟ್ಟು ಬೇಗ ತರಿಸಿಕೊಳ್ಳೋದು ಹೇಗೆ ಅಂತ. ಒಂದು ವಾರದ ಫಾಸ್ಟ್ ಟ್ರ್ಯಾಕ್ ಇದೆ, ಅದಕ್ಕಿಂತ ಬೇಗದ ಪ್ರೀಮಿಯಂ ಕೂಡ ಇದೆ. ಆದರೆ ದೊಡ್ಡವರ ಮೊದಲ ಪಾಸ್‌ಪೋರ್ಟಿಗೆ ಎರಡೂ ಸಿಗಲ್ಲ. ಅವು ಹಳೆಯದನ್ನು ನವೀಕರಿಸೋರಿಗೆ, ಮತ್ತೆ ಫಾಸ್ಟ್ ಟ್ರ್ಯಾಕ್ ಆದರೆ ಮಕ್ಕಳಿಗೂ. ನಮ್ಮಂಥವರಿಗೆ ಮಾಮೂಲಿ ದಾರಿ ಒಂದೇ, ಅವರು ಹೇಳೋ ಲೆಕ್ಕ ಮೂರು ವಾರ, ಬೇಕಾದರೆ ಇಂಟರ್ವ್ಯೂಗೂ ಕರೆಯಬಹುದು. ಆನ್‌ಲೈನ್ ಅರ್ಜಿಗೆ ಆಗ 94.50 ಪೌಂಡ್. ಪೇಪರ್ ಫಾರಂ ತುಂಬಿದರೆ 107 ಇತ್ತು. ಹಾಗಾಗಿ "ನಿಮಗೆ ಅರ್ಜೆಂಟ್ ಮಾಡಿಸಿಕೊಡ್ತೀವಿ" ಅನ್ನೋ ಏಜೆಂಟರ ಜಾಹೀರಾತು ಕಂಡರೆ ಸುಮ್ನೆ ಮುಂದೆ ಹೋಗಿ. ಅವರು ಮಾಡೋದು ನೀವು ಮಾಡೋ ಫಾರಂ ಕೆಲಸವನ್ನೇ.

ಅರ್ಜಿ ಹೋದ ಮೇಲಿನ ಮೂರು ವಾರ ನಮ್ಮ ಕೈಯಲ್ಲಿಲ್ಲ, ಸರಿ. ಆದರೆ ಸೆರೆಮನಿಗೂ ಅರ್ಜಿಗೂ ನಡುವೆ ಜನ ಕಳೆಯೋ ಎರಡು ವಾರ ಪೂರ್ತಿ ನಮ್ಮ ಕೈಯಲ್ಲೇ ಇದೆ. ಸೆರೆಮನಿ ತಾರೀಖೂ ಅಷ್ಟೇ. ಪ್ರಯಾಣ ಹತ್ತಿರದಲ್ಲಿದ್ದರೆ ಒಂದೋ ಊರಿಗೆ ಹೋಗಿ ಬಂದು ಸೆರೆಮನಿಗೆ ಹೋಗಬೇಕು, ಇಲ್ಲಾ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಸೆರೆಮನಿ ಮುಗಿಸಬೇಕು. ನಡುವೆ ಎಲ್ಲೋ ಇಟ್ಟುಕೊಂಡರೆ ಸಿಕ್ಕಿಹಾಕಿಕೊಳ್ಳುತ್ತೀರಿ. ದಾವಣಗೆರೆ ಕಡೆಯ ಸ್ನೇಹಿತರೊಬ್ಬರು ಟಿಕೆಟ್ ಮೊದಲು ತಗೊಂಡು, ಪ್ರಯಾಣಕ್ಕೆ ಹತ್ತು ದಿನ ಇರುವಾಗ ಸೆರೆಮನಿಗೆ ಹೋದರು. ಟಿಕೆಟ್ ದುಡ್ಡು ನೀರಿಗೆ ಹೋಯಿತು.

ನಾನು ಹೋಗಬೇಕಿದ್ದ ಮದುವೆಯ ತಾರೀಖು ಸೆರೆಮನಿ ಗಡುವಿನ ಆಚೆಗಿತ್ತು. ಹಾಗಾಗಿ ನಾನು ಬೇಗ ಮುಗಿಸೋ ದಾರಿ ಹಿಡಿದೆ.

ಮೇಲ್ ಬಂದ ಮಾರನೇ ದಿನವೇ ಕೌನ್ಸಿಲ್‌ಗೆ ಫೋನ್ ಮಾಡಿದೆ. ಗುಂಪಿನ ಸೆರೆಮನಿಗೆ ಜುಲೈಯಲ್ಲಿ ಜಾಗ ಇದೆ ಅಂದರು. ಅದರ ಖರ್ಚು ಅರ್ಜಿ ಶುಲ್ಕದಲ್ಲೇ ಸೇರಿರುತ್ತೆ, ಪ್ರತ್ಯೇಕ ಸೆರೆಮನಿ ಬೇಕಾದರೆ ಅದಕ್ಕೆ ಬೇರೆ ದುಡ್ಡು. ನಾನು ಪ್ರತ್ಯೇಕದ್ದಕ್ಕೆ ಒಪ್ಪೋಕೆ ಮುಂಚೆ ಒಂದು ಮಾತು ಕೇಳಿದೆ: "ಯಾರಾದ್ರೂ ಕ್ಯಾನ್ಸಲ್ ಮಾಡಿದ್ರೆ ನನಗೆ ಹೇಳ್ತೀರಾ?" ಆ ಕಡೆಯ ಹೆಂಗಸು ಕೀಬೋರ್ಡ್ ಟಕಟಕ ಒತ್ತಿ, ಜೂನ್ 11, ಬುಧವಾರ, ಒಬ್ಬರು ಈಗತಾನೇ ಬಿಟ್ಟಿದ್ದಾರೆ ಅಂದರು. ಬಾಯಿಬಿಟ್ಟು ಕೇಳಿದ್ದಕ್ಕೆ ಸಿಕ್ಕಿತು ಅಷ್ಟೇ. ದುಡ್ಡೂ ಉಳೀತು.

ಈಗ ಕೈಯಲ್ಲಿ ನಾಲ್ಕು ವಾರ. ಸರ್ಟಿಫಿಕೇಟ್ ಕೈಗೆ ಬರೋವರೆಗೆ ಅರ್ಜಿ ಹಾಕೋಕೆ ಆಗಲ್ಲ, ಅದರ ವಿವರ ಬೇಕು. ಉಳಿದಿದ್ದೆಲ್ಲ ಮಾಡಿಟ್ಟುಕೊಳ್ಳಬಹುದು.

ಮೊದಲನೆಯದು ಫೋಟೋ. ನಮ್ಮ ಯಜಮಾನರು ಮನೆಯಲ್ಲೇ ತೆಗೀತೀನಿ ಅಂತ ಬಿಳಿ ಬೆಡ್‌ಶೀಟ್ ಕಟ್ಟಿ ಅರ್ಧ ದಿನ ಸರ್ಕಸ್ ಮಾಡಿದರು. ಕಿವಿಯ ಹಿಂದೆ ನೆರಳು, ಕನ್ನಡಕದಲ್ಲಿ ಕಿಟಕಿ. ಕೊನೆಗೆ ಸೂಪರ್‌ಮಾರ್ಕೆಟ್ ಬಾಗಿಲಲ್ಲಿರೋ ಫೋಟೋ ಬೂತ್‌ಗೆ ಹೋದೆ. ಫೋಟೋ ಜೊತೆ ಒಂದು ಡಿಜಿಟಲ್ ಕೋಡ್ ಬರುತ್ತೆ, ಅರ್ಜಿಯಲ್ಲಿ ಆ ಕೋಡ್ ಹಾಕಿದರೆ ಫೋಟೋ ತಾನೇ ಬಂದು ಕೂರುತ್ತೆ. ಆ ಚೀಟಿ ಕಳೆದುಹಾಕಬೇಡಿ, ನಾನು ಫ್ರಿಡ್ಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿದ್ದೆ.

ಎರಡನೆಯದು ಹೆಸರು. ಇದು ನಮ್ಮ ಕಡೆಯವರಿಗೆ ಮಾತ್ರ ಗೊತ್ತಿರೋ ತಲೆನೋವು. ನನ್ನ ಹಳೇ ಇಂಡಿಯನ್ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು, ಅಪ್ಪನ ಹೆಸರು ಎರಡೂ ಒಂದೇ ಸಾಲಿನಲ್ಲಿ, ಸರ್‌ನೇಮ್ ಜಾಗ ಖಾಲಿ. ನಮಗೆಲ್ಲಿ ಸರ್‌ನೇಮ್? ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಮುಗೀತು. ಆದರೆ ಇಲ್ಲಿ ಬ್ರಿಟಿಷ್ ಪಾಸ್‌ಪೋರ್ಟಿನ ಹೆಸರೂ ನಿಮ್ಮ ಹತ್ತಿರ ಇರೋ ಬೇರೆ ದೇಶದ ಪಾಸ್‌ಪೋರ್ಟಿನ ಹೆಸರೂ ಒಂದೇ ಇರಬೇಕು ಅನ್ನುತ್ತಾರೆ. ಇಲ್ಲದಿದ್ದರೆ ಪತ್ರ ಬರುತ್ತೆ, ವಿವರಣೆ ಕೇಳುತ್ತಾರೆ, ದಿನ ಹೋಗುತ್ತೆ. ಪುಣ್ಯಕ್ಕೆ ನಾನು 2019ರಲ್ಲಿ ಪಾಸ್‌ಪೋರ್ಟ್ ನವೀಕರಿಸುವಾಗಲೇ ಅಪ್ಪನ ಹೆಸರನ್ನು ಸರ್‌ನೇಮ್ ಜಾಗಕ್ಕೆ ಸರಿಸಿಕೊಂಡಿದ್ದೆ, ಸಿಟಿಜನ್‌ಶಿಪ್ ಅರ್ಜಿಯಲ್ಲೂ ಅದೇ ಥರ ಬರೆದಿದ್ದೆ. ನೀವಿನ್ನೂ ಐಎಲ್‌ಆರ್ ಹಂತದಲ್ಲಿದ್ದರೆ ಈ ಕೆಲಸ ಈಗಲೇ ಮಾಡಿ. ಸೆರೆಮನಿ ಆದ ಮೇಲೆ ಇಂಡಿಯನ್ ಪಾಸ್‌ಪೋರ್ಟಿನಲ್ಲಿ ಹೆಸರು ತಿದ್ದಿಸೋ ಮಾತೇ ಇಲ್ಲ.

ಮೂರನೆಯದು ರೆಫರೀ. ನೀವು ನೀವೇ ಅಂತ ಆನ್‌ಲೈನ್‌ನಲ್ಲಿ ಹೇಳೋರು ಒಬ್ಬರು ಬೇಕು. ಅವರಿಗೆ ನಿಮ್ಮ ಪರಿಚಯ ಎರಡು ವರ್ಷವಾದರೂ ಇರಬೇಕು, ನೆಂಟರಾಗಿರಬಾರದು, ಒಂದೇ ಮನೆಯಲ್ಲಿ ಇರಬಾರದು, ಅವರ ಹತ್ತಿರ ಚಾಲ್ತಿಯಲ್ಲಿರೋ ಬ್ರಿಟಿಷ್ ಪಾಸ್‌ಪೋರ್ಟ್ ಇರಬೇಕು, ಟೀಚರ್, ಎಂಜಿನಿಯರ್, ಅಕೌಂಟೆಂಟ್ ಥರ ಒಂದು ಒಪ್ಪಿತ ಕೆಲಸದಲ್ಲಿರಬೇಕು ಅಥವಾ ಅಂಥ ಕೆಲಸದಿಂದ ನಿವೃತ್ತರಾಗಿರಬೇಕು. ನಿಮ್ಮ ಡಾಕ್ಟರ್ ನಡೆಯಲ್ಲ, ಅವರು ನಿಜವಾಗಿ ಸ್ನೇಹಿತರಾಗಿದ್ದರೆ ಮಾತ್ರ ಸರಿ. ನಾನು ಮಗನ ಹಳೇ ಟೀಚರನ್ನು ಕೇಳಿದೆ. ಖುಷಿಯಾಗಿ ಒಪ್ಪಿದರು.

ಸೆರೆಮನಿ ಬಗ್ಗೆ ಜಾಸ್ತಿ ಹೇಳಲ್ಲ. ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡ್ತೀರೋ, ದೇವರ ಹೆಸರಿಲ್ಲದೆ ಮಾಡ್ತೀರೋ ಅಂತ ಬಾಗಿಲಲ್ಲೇ ಕೇಳಿದರು. ದೊರೆಯ ಫೋಟೋ, ಒಂದು ಬಾವುಟ, ರಾಷ್ಟ್ರಗೀತೆಯ ಕ್ಯಾಸೆಟ್ ಥರದ ಸಂಗೀತ. ಪಕ್ಕದಲ್ಲಿದ್ದ ಘಾನಾದ ಅಜ್ಜಿ ಅಳುತ್ತಿದ್ದರು. ಅವರನ್ನು ನೋಡಿ ನನಗೂ ಗಂಟಲು ಕಟ್ಟಿತು, ಅಪ್ಪ ಇದ್ದಿದ್ದರೆ ಏನು ಅನ್ನುತ್ತಿದ್ದರೋ ಅನ್ನಿಸಿತು. ವೋಟು ಹಾಕೋ ಹಕ್ಕು ಸಿಕ್ಕಿತು ಅಂತ ಭಾಷಣದಲ್ಲಿ ಹೇಳಿದರು. ಕಾಮನ್‌ವೆಲ್ತ್ ದೇಶದವರು ಅಂತ ನಾವು ಇಲ್ಲಿಗೆ ಬಂದಾಗಿನಿಂದ ವೋಟು ಹಾಕ್ತಾನೇ ಇದ್ದೀವಿ, ಇರಲಿ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಹೆಸರು, ಹುಟ್ಟಿದ ತಾರೀಖು, ಊರು ಒಂದೊಂದಕ್ಷರ ಓದಿ ನೋಡಿದೆ. ತಪ್ಪಿದ್ದರೆ ಆ ಮೇಜಿನಲ್ಲೇ ಹೇಳಬೇಕು ನೋಡಿ. ಮನೆಗೆ ಬಂದು ಬಣ್ಣದ ಸ್ಕ್ಯಾನ್ ತೆಗೆದಿಟ್ಟೆ. ಲ್ಯಾಮಿನೇಟ್ ಮಾಡಿಸೋ ಆಸೆ ಬರುತ್ತೆ, ಮಾಡಬೇಡಿ.

ಅವತ್ತು ಸಾಯಂಕಾಲ ಅನ್ನಕ್ಕೆ ಕುಕ್ಕರ್ ಇಟ್ಟು ಅರ್ಜಿ ತುಂಬೋಕೆ ಕೂತೆ. ಮೂರನೇ ಸೀಟಿ ಹೊತ್ತಿಗೆ ಮುಗಿದಿತ್ತು, ಯಾಕಂದ್ರೆ ಎಲ್ಲ ಎದುರಿಗಿತ್ತು. ದಾಖಲೆ ವಾಪಸ್ ಕಳಿಸೋಕೆ ಭದ್ರವಾದ ಪೋಸ್ಟ್ ಬೇಕಾ ಅಂತ ಕೇಳುತ್ತೆ, ಐದು ಪೌಂಡ್ ಜಾಸ್ತಿ. ಬೇಕು ಅನ್ನಿ. ಆ ಸರ್ಟಿಫಿಕೇಟ್ ಕಳೆದರೆ ನಕಲು ತೆಗೆಸೋ ಖರ್ಚು, ಅಲೆದಾಟ ಯಾರಿಗೆ ಬೇಕು.

ಮಾರನೇ ಬೆಳಗ್ಗೆ ಪೋಸ್ಟ್ ಆಫೀಸಿಗೆ ಹೋಗಿ ಸ್ಪೆಷಲ್ ಡೆಲಿವರಿಯಲ್ಲಿ ಕಳಿಸಿದೆ. ಒಳಗಿದ್ದದ್ದು ಸರ್ಟಿಫಿಕೇಟ್, ಚಾಲ್ತಿಯ ಇಂಡಿಯನ್ ಪಾಸ್‌ಪೋರ್ಟ್, ಮತ್ತೆ ನಾನು ಮೊದಲ ಸಲ ಈ ದೇಶಕ್ಕೆ ಬಂದಾಗ ತಂದಿದ್ದ, ಮೂಲೆ ಕತ್ತರಿಸಿದ ಹಳೇ ಪಾಸ್‌ಪೋರ್ಟ್. ಯಾವ ಪಾಸ್‌ಪೋರ್ಟಿನಲ್ಲಿ ಬಂದಿರೋ ಅದನ್ನೂ ಕೇಳುತ್ತಾರೆ. ಅವಧಿ ಮುಗಿದಿದೆಯಲ್ಲ ಅಂತ ತುಂಬಾ ಜನ ಹಳೇದನ್ನು ಬೀರುವಿನಲ್ಲೇ ಬಿಟ್ಟುಬಿಡುತ್ತಾರೆ.

ಇಷ್ಟೆಲ್ಲ ಮಾಡಿಯೂ ನಾಲ್ಕು ದಿನ ಹೋಯಿತು. ದಾಖಲೆ ಸಿಕ್ಕಿದೆ ಅಂತ 13ಕ್ಕೇ ಮೆಸೇಜ್ ಬಂತು, ಆಮೇಲೆ ಟ್ರ್ಯಾಕಿಂಗ್ ಪುಟ ಅಲ್ಲಾಡಲಿಲ್ಲ. ದಿನಕ್ಕೆ ಹತ್ತು ಸಲ ನೋಡೋದು, ಅದೇ ಸಾಲು. ಭಾನುವಾರ ಟೀಚರಮ್ಮನಿಗೆ ಮುಜುಗರ ಪಡುತ್ತಲೇ ಫೋನ್ ಮಾಡಿದೆ. "ಅಯ್ಯೋ, ನನಗೇನೂ ಮೇಲ್ ಬಂದಿಲ್ಲವಲ್ಲ" ಅಂದರು. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಯಾವುದೋ ಲಾಟರಿಗೂ ಚಪ್ಪಲಿ ಸೇಲ್‌ಗೂ ಮಧ್ಯೆ ನನ್ನ ಹಣೆಬರಹ ಕೂತಿತ್ತು. ಫೋನಿನಲ್ಲೇ ಮಾತಾಡ್ತಾ ಲಿಂಕ್ ಒತ್ತಿ, ತಮ್ಮ ಪಾಸ್‌ಪೋರ್ಟ್ ನಂಬರ್ ಹಾಕಿ, ನನ್ನ ಫೋಟೋ ನೋಡಿ ಹೌದು ಅಂದರು. ಐದು ನಿಮಿಷದ ಕೆಲಸ. ಹಾಗಾಗಿ ಅರ್ಜಿ ಹಾಕಿದ ರಾತ್ರಿಯೇ ರೆಫರೀಗೆ ಮೆಸೇಜ್ ಹಾಕಿ: ಸ್ಪ್ಯಾಮ್ ನೋಡಿ ಅಂತ.

ಅಲ್ಲಿಂದ ಸರಾಗ. ಇಂಟರ್ವ್ಯೂಗೆ ನನ್ನನ್ನು ಕರೆಯಲಿಲ್ಲ. ಜೂನ್ 27ಕ್ಕೆ ಅರ್ಜಿ ಒಪ್ಪಿದೆ ಅಂತ ಬಂತು, ಜುಲೈ 1ಕ್ಕೆ ಕೊರಿಯರ್‌ನವನು ಬಾಗಿಲು ತಟ್ಟಿದ. ಸೆರೆಮನಿಯಿಂದ 20 ದಿನ. ಹಳೇ ಪಾಸ್‌ಪೋರ್ಟ್, ಸರ್ಟಿಫಿಕೇಟ್ ಅದರ ಜೊತೆ ಬರಲ್ಲ, ಬೇರೆ ಲಕೋಟೆಯಲ್ಲಿ ಬರುತ್ತೆ. ನನಗೆ ಮೂರು ದಿನ ಬಿಟ್ಟು ಬಂತು. ಗಾಬರಿಯಾಗಬೇಡಿ.

ಪಾಸ್‌ಪೋರ್ಟ್ ಬಂತು ಅಂತ ನೇರ ಟಿಕೆಟ್ ಬುಕ್ ಮಾಡೋ ಹಾಗೂ ಇಲ್ಲ. ಇಂಡಿಯಾಕ್ಕೆ ಹೋಗೋಕೆ ಈಗ ನಮಗೇ ವೀಸಾ ಬೇಕು! ಲಕೋಟೆ ಬಂದ ವಾರವೇ ಇಂಡಿಯನ್ ಪಾಸ್‌ಪೋರ್ಟನ್ನು ಸರೆಂಡರ್‌ಗೆ ಕೊಟ್ಟೆ. ಅದು ರದ್ದಾಗಿ, ಸರೆಂಡರ್ ಸರ್ಟಿಫಿಕೇಟ್ ಜೊತೆ ವಾಪಸ್ ಬಂದ ಮೇಲೆ ಇ-ವೀಸಾ ಹಾಕಿದೆ. ಅದರ ಫಾರಂನಲ್ಲಿ ಪೌರತ್ವ ಹುಟ್ಟಿನಿಂದ ಬಂತೋ ಆಮೇಲೆ ಪಡೆದಿದ್ದೋ, ಮುಂಚಿನದು ಯಾವುದು ಅಂತ ಕೇಳುತ್ತೆ, ಇದ್ದದ್ದು ಇದ್ದ ಹಾಗೆ ಬರೀರಿ. ಓಸಿಐ ಕಾರ್ಡಿಗೆ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಇಂಡಿಯಾ ಕೊಡೋ ಕಾರ್ಡು) ಕಾದಿದ್ದರೆ ಮದುವೆ ತಪ್ಪುತ್ತಿತ್ತು, ಅದನ್ನು ಊರಿಂದ ಬಂದ ಮೇಲೆ ಹಾಕಿದೆ. ಟಿಕೆಟ್ ತಗೊಂಡಿದ್ದು ಇ-ವೀಸಾ ಮೇಲ್ ಬಂದ ಮೇಲೆಯೇ. ರೇಟು ಆಕಾಶಕ್ಕೆ ಹೋಗಿತ್ತು, ಕಣ್ಣು ಮುಚ್ಚಿ ಕೊಟ್ಟೆ.

ಬೆಂಗಳೂರಿನಲ್ಲಿ ಇಳಿದಾಗ ಅಭ್ಯಾಸಬಲ, ಕಾಲು ತಾನಾಗೇ ಇಂಡಿಯನ್ ಪಾಸ್‌ಪೋರ್ಟಿನ ಸಾಲಿಗೆ ಹೋಯಿತು. ಅಲ್ಲಿದ್ದವರು ಪಾಸ್‌ಪೋರ್ಟ್ ನೋಡಿ ಆ ಕಡೆ ಅಂತ ಕೈ ತೋರಿಸಿದರು. ಇ-ವೀಸಾ ಕೌಂಟರಿನಲ್ಲಿ ಬೆರಳಚ್ಚು ತಗೊಂಡು, ಹುಟ್ಟಿದ ಊರಿನ ಸಾಲು ನೋಡಿ, ಆಫೀಸರ್ ತಲೆಯೆತ್ತದೆ ಕನ್ನಡದಲ್ಲೇ ಕೇಳಿದರು: "ತಿಪಟೂರಾ? ಎಷ್ಟು ದಿನ ಇರ್ತೀರಾ ಮೇಡಂ?"

"ಮದುವೆ ಇದೆ ಸರ್, ಮೂರು ವಾರ" ಅಂದೆ. ಠಪ್ ಅಂತ ಸೀಲ್ ಒತ್ತಿದರು.