ಮಂಜೂರಾದದ್ದು 12 ಲಕ್ಷ, ಕೈಗೆ ಸಿಕ್ಕಿದ್ದು 9

ದಾವಣಗೆರೆಯಲ್ಲಿ ದೂರಶಿಕ್ಷಣದ ಎಂ.ಕಾಂ. ವಿದ್ಯಾರ್ಥಿಗಳಿಗೆ ನಾನು ಹಣಕಾಸು ನಿರ್ವಹಣೆ ಕಲಿಸುತ್ತೇನೆ. ಸಂಪರ್ಕ ತರಗತಿಗೆ ಜಗಳೂರು, ಹರಿಹರ, ಹೊಸದುರ್ಗದಿಂದೆಲ್ಲ ಬಸ್ಸು ಹಿಡಿದು ಬರುತ್ತಾರೆ. ಒಬ್ಬರು ಸಹಕಾರಿ ಸಂಘದಲ್ಲಿ ಗುಮಾಸ್ತರು, ಇನ್ನೊಬ್ಬರು ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ದುಡಿಯುವ ಬಂಡವಾಳದ, ಅಂದರೆ ವ್ಯಾಪಾರದ ದಿನನಿತ್ಯದ ಓಡಾಟಕ್ಕೆ ಬೇಕಾದ ಹಣದ, ಸೂತ್ರ ಕೇಳಿದರೆ ತಪ್ಪಿಲ್ಲದೆ ಹೇಳುತ್ತಾರೆ. 'ಲಾಭದಲ್ಲಿರೋ ವ್ಯಾಪಾರಕ್ಕೆ ಶನಿವಾರದ ಬಟವಾಡೆಗೆ ದುಡ್ಡು ಯಾಕೆ ಇರಲ್ಲ?' ಎಂದು ಕೇಳಿದರೆ ಮಾತ್ರ ತರಗತಿ ತಣ್ಣಗಾಗುತ್ತಿತ್ತು. ಪುಸ್ತಕದಲ್ಲಿದ್ದ ಕಾರ್ಖಾನೆಯನ್ನು ಅವರ್ಯಾರೂ ಕಂಡಿರಲಿಲ್ಲ. ಮಂಡಕ್ಕಿ ಭಟ್ಟಿ ನೋಡದವರು ನಮ್ಮೂರ ಕಡೆ ಯಾರಿದ್ದಾರೆ? ತರಗತಿಗೆ ಕಟ್ಟುವ ಕೇಸು (ನಿಜವಾದ ವ್ಯಾಪಾರವೊಂದನ್ನು ಇಟ್ಟುಕೊಂಡು ಮಾಡುವ ಅಭ್ಯಾಸ) ಅಲ್ಲಿಂದಲೇ ಶುರುವಾಗಲಿ ಎಂದುಕೊಂಡೆ.

ಪರಿಚಯದ ಭಟ್ಟಿ ಮಾಲೀಕರೊಬ್ಬರು ಒಪ್ಪಿದರು. ಬಿಸಿ ಮರಳಿನಲ್ಲಿ ಅಕ್ಕಿ ಅರಳುವುದು, ಹೊಟ್ಟಿನ ಬೆಂಕಿ, ಅಟ್ಟಿ ಹಾಕಿದ ಭತ್ತದ ಚೀಲ, ಉದ್ರಿ ಬರೆದ ಉದ್ದನೆಯ ಪುಸ್ತಕ, ಎಲ್ಲವನ್ನೂ ಫೋನಿನಲ್ಲೇ ಚಿತ್ರೀಕರಿಸಿದೆ. 'ಲಾಭ ಐತ್ರಿ ಮೇಡಂ, ಗಲ್ಲಾದಾಗ ರೊಕ್ಕ ಇಲ್ಲ' ಎಂದು ಅವರು ಹೇಳಿದ ದನಿಯೇ ಕೇಸಿನ ಮೊದಲ ಸಾಲಾಯಿತು. ಅಂಕಿಗಳನ್ನು ಮಾತ್ರ ಅವರ ವ್ಯಾಪಾರ ಹೊರಗೆ ತಿಳಿಯದಂತೆ ಪೂರ್ತಿ ಬದಲಿಸಿದೆ.

ಮೊದಲ ಪ್ರಯತ್ನ ಕೆಟ್ಟಿತು. 40 ನಿಮಿಷದ ಒಂದೇ ವಿಡಿಯೊ ಮಾಡಿದ್ದೆ. ಹಳ್ಳಿಯಲ್ಲಿದ್ದವರಿಗೆ ಅದು ಇಳಿಯಲೇ ಇಲ್ಲ, ಇಳಿಸಿಕೊಂಡವರು ಸಿನಿಮಾ ನೋಡಿದಂತೆ ನೋಡಿ ಸುಮ್ಮನಾದರು. ಆಗ ಅದನ್ನು ಎರಡೆರಡು ನಿಮಿಷದ ತುಣುಕು ಮಾಡಿ, ಕೆಲವು ಕಡೆ ಬರೀ ಫೋಟೊ ಮತ್ತು ದನಿ ಇಟ್ಟು, ಗೂಗಲ್ ಫಾರ್ಮ್ಸ್‌ಗೆ ಜೋಡಿಸಿದೆ. ಕೊಟ್ಟ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ಪುಟಕ್ಕೆ ಕಳಿಸುವ ಅನುಕೂಲ ಅದರಲ್ಲಿದೆ, ಖರ್ಚೂ ಇಲ್ಲ. ಸುಗ್ಗಿಯಲ್ಲಿ ಅಗ್ಗಕ್ಕೆ ಸಿಗುವ ಭತ್ತವನ್ನು ಸಾಲ ಮಾಡಿ ಒಟ್ಟಿಗೇ ಕೊಳ್ಳುತ್ತೀರಾ, ವಾರವಾರ ಕೊಳ್ಳುತ್ತೀರಾ? ಒತ್ತಿದ ಉತ್ತರಕ್ಕೆ ತಕ್ಕ ತಿಂಗಳು ತೆರೆದುಕೊಳ್ಳುತ್ತದೆ.

ನಾನು ಹೆಚ್ಚು ದಿನ ಕೂತು ತಿದ್ದಿದ್ದು ಸಿ.ಸಿ. (ಕ್ಯಾಶ್ ಕ್ರೆಡಿಟ್) ಸಾಲದ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಮತ್ತೆ ಕಟ್ಟುವ ಸಾಲದ, ಭಾಗವನ್ನು. ಸಣ್ಣ ಉದ್ದಿಮೆಗೆ, ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಲೆಕ್ಕದಲ್ಲಿ ಅಂದಾಜು ವಹಿವಾಟಿನ 25% ದುಡಿಯುವ ಬಂಡವಾಳ ಬೇಕೆಂದು ಹಿಡಿದು, 20% ಬ್ಯಾಂಕು, 5% ಮಾಲೀಕರು ಹಾಕಬೇಕು. ನಮ್ಮ ಭಟ್ಟಿಯ ವಹಿವಾಟು ₹60 ಲಕ್ಷ. ಅದರ 20% ಹಿಡಿದರೆ ಸಾಲದ ಮಿತಿ ₹12 ಲಕ್ಷ. ಗೋದಾಮಿನಲ್ಲಿ ₹16 ಲಕ್ಷದ ದಾಸ್ತಾನು, ಮಾರ್ಜಿನ್, ಅಂದರೆ ಬ್ಯಾಂಕು ಸಾಲ ಕೊಡದೆ ಬಿಡುವ ಪಾಲು, 25%. ಬ್ಯಾಂಕು ಸಾಲ ಕೊಡುವುದು ದಾಸ್ತಾನಿನ ಮೇಲೆ ಮಾತ್ರ ಎಂದಿಟ್ಟಿದ್ದೆ. ವಿದ್ಯಾರ್ಥಿ 16ರಲ್ಲಿ ಕಾಲುಭಾಗ ಕಳೆಯುತ್ತಾನೆ, 12 ಬರುತ್ತದೆ, ಮಿತಿಗೆ ಸರಿಯಾಗಿ ತಾಳೆಯಾಗುತ್ತದೆ. ಖುಷಿಯಾಗಿ 12 ಲಕ್ಷಕ್ಕೆ ಚೆಕ್ ಬರೆಯುತ್ತಾನೆ. ಮುಂದಿನ ಪುಟದಲ್ಲಿ ಚೆಕ್ ವಾಪಸ್.

ಯಾಕೆಂದು ಪುಟ ಹೇಳುವುದಿಲ್ಲ. ಉದ್ರಿ ಪುಸ್ತಕದ ಫೋಟೊವನ್ನು ಮತ್ತೆ ತೋರಿಸುತ್ತದೆ, ಅಷ್ಟೇ. ಅದರಲ್ಲಿ ಭತ್ತದ ದಲಾಲರಿಗೆ ಕೊಡಬೇಕಾದ ₹4 ಲಕ್ಷ ಬಾಕಿ ಇದೆ. ಹರಿಹರದ ವಿದ್ಯಾರ್ಥಿನಿಯೊಬ್ಬರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ನಾನು ಬಾಯಿ ತೆರೆಯುವ ಮೊದಲೇ, 'ಮೇಡಂ, ದುಡ್ಡೇ ಕೊಡದ ಭತ್ತದ ಮ್ಯಾಲೆ ಬ್ಯಾಂಕಿನೋರು ಸಾಲ ಯಾಕ್ ಕೊಡ್ತಾರ್ರಿ? ಅದು ನಮ್ಮ ಮಾಲೇ ಅಲ್ಲಲ್ರಿ!' ಅಂದರು. ಹದಿನಾರರಲ್ಲಿ ನಾಲ್ಕು ಕಳೆದು, ಉಳಿದ 12ಕ್ಕೆ 25% ಬಿಟ್ಟು, 9 ಲಕ್ಷ ಎಂದು ಅವರೇ ಹೇಳಿದರು. ಆ ಹೊತ್ತಿಗೆ ಖಾತೆಯಿಂದ ನಿಜಕ್ಕೂ ತೆಗೆಯಬಹುದಾದ ಈ ಮೊತ್ತಕ್ಕೆ 'ಡ್ರಾಯಿಂಗ್ ಪವರ್' ಎಂಬ ಪದ ನಾನು ಹೇಳಿದ್ದು ಆಮೇಲೆ. ವರ್ಷಗಟ್ಟಲೆ ಹಲಗೆಯ ಮೇಲೆ ಪದ ಮೊದಲು ಬರೆದು, ಅರ್ಥ ಆಮೇಲೆ ಬಿಡಿಸುತ್ತಿದ್ದೆ. ಆ ಕ್ರಮವೇ ತಿರುಗುಮುರುಗಾಗಿತ್ತು ಎಂದು ಆ ರಾತ್ರಿ ನನಗೆ ಹೊಳೆಯಿತು.

ಇನ್ನೊಂದು ತೊಡಕೆಂದರೆ, ಎರಡನೇ ತಂಡದವರು ವಾಟ್ಸಾಪ್‌ನಲ್ಲಿ ಉತ್ತರ ಹಂಚಿಕೊಂಡರು. ಬಯ್ಯಲು ಮನಸ್ಸಾಗಲಿಲ್ಲ, ಒಂದೇ ಅಂಕಿ ಎಲ್ಲರಿಗೂ ಕೊಟ್ಟಿದ್ದು ನಾನೇ. ಈಗ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ನೋಡಿ ದಾಸ್ತಾನು, ಬಾಕಿ ಬದಲಾಗುತ್ತವೆ. ಕೊನೆಗೆ, ತಮ್ಮ ನಿರ್ಧಾರವನ್ನು ಭಟ್ಟಿ ಮಾಲೀಕರಿಗೆ ತಿಳಿಸುವ ಹಾಗೆ, ಸೂತ್ರದ ಹೆಸರು ಹೇಳದೆ, ಎರಡು ನಿಮಿಷ ಮಾತಾಡಿ ಕಳಿಸಬೇಕು. ಅಂಕ ಹೆಚ್ಚು ಇರುವುದು ಅದಕ್ಕೇ. ಲೆಕ್ಕ ಸರಿಯಿದ್ದೂ ಮಾತು ತಡವರಿಸಿದರೆ ಎಲ್ಲಿ ಅರ್ಥವಾಗಿಲ್ಲ ಎಂಬುದು ದನಿಯಲ್ಲೇ ಗೊತ್ತಾಗುತ್ತದೆ. ಅಷ್ಟನ್ನೂ ಕೇಳಲು ನನಗೆ ಮೂರ್ನಾಲ್ಕು ಸಂಜೆ ಹಿಡಿಯುತ್ತದೆ, ಇದಕ್ಕೆ ಅಡ್ಡದಾರಿ ಇಲ್ಲ.

ಒಪ್ಪಿಗೆ ಪಡೆದು, ಅಂಥ ಕೆಲವು ಮಾತುಗಳನ್ನು ಭಟ್ಟಿಗೇ ಒಯ್ದು ಮಾಲೀಕರಿಗೆ ಕೇಳಿಸಿದೆ. ಅಂಗಡಿಯವರಿಗೆ 45 ದಿನದ ಉದ್ರಿ ಬಿಟ್ಟಿದ್ದೇ ತಪ್ಪು, 20 ದಿನಕ್ಕೆ ಇಳಿಸಿ ಎಂದು ಹುಡುಗನೊಬ್ಬ ಚೆನ್ನಾಗಿ ವಿವರಿಸಿದ್ದ. ಅವರು ಪೂರ್ತಿ ಕೇಳಿದರು. 'ಹುಡುಗ ಹೇಳೋದು ಖರೆ ಐತ್ರಿ. ಆದ್ರ ದೊಡ್ಡ ಬಾಕಿ ಇಟ್ಕೊಂಡಿರೋ ಅಂಗಡ್ಯೋರು ನಮ್ಮ ಬೀಗರು. ಅವರ ಮನಿ ಬಾಗಿಲಿಗೆ ಹೋಗಿ ಹೆಂಗ ಕೇಳ್ಲಿ?'

ಈ ಸಲದ ಕೇಸಿನಲ್ಲಿ ಒಂದು ಪುಟ ಹೆಚ್ಚಾಗಿದೆ. ಬೀಗರ ಬಾಕಿ ₹1.5 ಲಕ್ಷ, ಶನಿವಾರದ ಬಟವಾಡೆಗೆ ಎರಡೇ ದಿನ.